ಶಿಯಾಮೆನ್‌ನಲ್ಲಿ ಜಾರಿ ಬಿದ್ದವರು

ನನ್ನ ಭಾವ ನನ್ನ ಅಕ್ಕನಿಗೆ ಹೊಡೆಯುವುದನ್ನು ನಾನು ಕಣ್ಣಾರೆ ಕಂಡದ್ದು ಒಂದೇ ಸಲ, ಅದೂ ಚೀನಾದಲ್ಲಿ. ಹೊಡೆತದ ಗುರುತುಗಳನ್ನು ಮಾತ್ರ ಅವಳ ಮದುವೆಯಾದ ವರ್ಷದಿಂದಲೂ ಕಾಣುತ್ತ ಬಂದಿದ್ದೆ. ಮುಂಬೈಯ ಮಾಟುಂಗದ ಅವರ ಫ್ಲ್ಯಾಟಿಗೆ ಹೋದಾಗಲೆಲ್ಲ ಅಕ್ಕನ ಮೈಮೇಲೆ ಏನಾದರೊಂದು ಹೊಸದು ಇರುತ್ತಿತ್ತು. ಬೆನ್ನಿನಲ್ಲಿ ಬಾಸುಂಡೆ, ತೋಳಿನಲ್ಲಿ ಹೆಪ್ಪುಗಟ್ಟಿದ ರಕ್ತ, ಒಮ್ಮೆ ಸೊಂಟದ ಹತ್ತಿರ ಕಾದ ಸಟ್ಟುಗದ ಬರೆ. ಭಾವ ಅಂದಾಜಿನ ಮನುಷ್ಯ. ಸೀರೆ ಮುಚ್ಚುವ ಕಡೆಯೇ ಹೊಡೆಯುತ್ತಿದ್ದರು, ಅದೂ ಬಾಗಿಲು ಹಾಕಿ, ಮಿಕ್ಸಿ ತಿರುಗಿಸಿಟ್ಟು. ಬಿಲ್ಡಿಂಗಿನವರಿಗೆ ಚಟ್ನಿ ರುಬ್ಬುವ ಸದ್ದು ಮಾತ್ರ ಕೇಳುತ್ತಿತ್ತು.

ಊರಿನವರ ಕಣ್ಣಿಗೆ ಅವರು ದೊಡ್ಡ ಮನುಷ್ಯ. ಸ್ಟೇಶನ್ ಹತ್ತಿರ ಹೋಟೆಲು, ಕನ್ನಡ ಸಂಘದ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ, ದೇವಸ್ಥಾನದಲ್ಲಿ ವರ್ಷಕ್ಕೊಮ್ಮೆ ಅವರ ಲೆಕ್ಕದ ಅನ್ನದಾನ. ಹೋಟೆಲು ಶುದ್ಧ ಸಸ್ಯಾಹಾರಿ. ಮನೆಯಲ್ಲಿ ಮಾತ್ರ ನಾವು ಕುಂದಾಪುರದ ಕಡೆಯವರು, ಮೀನಿಲ್ಲದೆ ಅನ್ನ ಗಂಟಲಲ್ಲಿ ಇಳಿಯದು. ಮೀನು ತರುವುದು ಅಕ್ಕನ ಕೆಲಸ. ತಂದದ್ದು ಹಳತಾಗಿದ್ದರೆ ಆ ದಿನ ಮಿಕ್ಸಿ ತಿರುಗುತ್ತಿತ್ತು. ಹಾಗಾಗಿ ಕಿವಿರು ಎತ್ತಿ ನೋಡದೆ ಅವಳು ಒಂದು ಬಂಗುಡೆಯನ್ನೂ ಕೊಳ್ಳುತ್ತಿರಲಿಲ್ಲ. ನಮ್ಮ ಕಡೆಯ ಹೆಂಗಸರೆಲ್ಲ ಮಾಡುವುದೇ ಅದು. ಹೆಬ್ಬೆರಳಿನಿಂದ ಕಿವಿರು ಎತ್ತಬೇಕು, ಒಳಗೆ ಕೆಂಪಗಿದ್ದರೆ ಒಳ್ಳೆಯ ಮೀನು, ಕಂದಿದ್ದರೆ ಬೇಡ. ಆದರೆ ಬೇರೆ ಹೆಂಗಸರಿಗೆ ಕಿವಿರು ನೋಡುವಾಗ ಕೈ ನಡುಗುವುದಿಲ್ಲ, ಅಕ್ಕನದು ನಡುಗುತ್ತಿತ್ತು.

ನಾನು ಅಕ್ಕನ ಹಾಗಲ್ಲ. ಮದುವೆಯ ಗೋಜಿಗೆ ಹೋಗದೆ, ವಿಕ್ರೋಳಿಯ ಒಂದು ಕಾರ್ಖಾನೆಯ ಪ್ಯಾಕಿಂಗಿನಲ್ಲಿ ದುಡಿದು, ಅಲ್ಲೇ ಒಂದು ಕೋಣೆ ಮಾಡಿಕೊಂಡು ಬದುಕಿದವಳು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಸೀಟಿಗಾಗಿ ಜುಟ್ಟು ಹಿಡಿದು ಎಳೆದಾಡಿದ್ದೇನೆ, ಕಚ್ಚಿಸಿಕೊಂಡಿದ್ದೇನೆ, ತಿರುಗಿ ಕಚ್ಚಿಯೂ ಇದ್ದೇನೆ. ಒಮ್ಮೆ ಭಾವನ ಅಂದಾಜು ತಪ್ಪಿ ಅಕ್ಕನ ತುಟಿ ಒಡೆದು ಹಲ್ಲೊಂದು ಹೋಗಿತ್ತು. ನಾನು ಹಿಂದೆಮುಂದೆ ನೋಡದೆ ಪೊಲೀಸ್ ಹೆಂಗಸೊಬ್ಬಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅಕ್ಕ ಬಾಗಿಲು ತೆರೆದಳು, ಸೆರಗು ಸರಿಮಾಡಿಕೊಂಡಳು, ನನ್ನ ಮುಖ ನೋಡದೆ, "ಬಾಥ್‌ರೂಮ್ ಮೇ ಫಿಸಲ್ ಗಯೀ" ಎಂದಳು. ಜಾರಿ ಬಿದ್ದಳಂತೆ. ಮೆಟ್ಟಿಲಿಳಿಯುವಾಗ ಆ ಪೊಲೀಸ್ ಹೆಂಗಸು, "ಕಶಾಲಾ ಟೈಮ್ ಖರಾಬ್ ಕರ್ತಾ, ಬಾಯಿ?" ಎಂದು ನನಗೇ ಬೈದಳು, ಸುಮ್ಮನೆ ಹೊತ್ತು ಹಾಳು ಮಾಡಿದೆನಂತೆ.

ಅಂದಿನಿಂದ ಭಾವನ ಮೇಲಿದ್ದಷ್ಟೇ ಸಿಟ್ಟು ನನಗೆ ಅಕ್ಕನ ಮೇಲೂ ಇತ್ತು. ಅವಳು ಜೀವಮಾನದಲ್ಲಿ ಒಂದು ಸಲ, ಯಾರಾದರೂ ಒಬ್ಬರ ಎದುರಿಗೆ, ಗಂಡ ಹೊಡೆಯುತ್ತಾನೆ ಎಂದು ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ಹೇಳದಿದ್ದರೆ ಒಂದು ದಿನ ಅವಳ ಹೆಣವನ್ನೂ ಬಾಥ್‌ರೂಮಿನಿಂದಲೇ ಎತ್ತುತ್ತಾರೆ, ಎಲ್ಲರೂ ಜಾರಿ ಬಿದ್ದಳೆಂದೇ ನಂಬುತ್ತಾರೆ. ಇದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ.

ಹೋಟೆಲಿನವರ ಒಂದು ಗುಂಪು ಚೀನಾದ ಶಿಯಾಮೆನ್ ಎಂಬ ಕರಾವಳಿಯ ಊರಿಗೆ ಟೂರ್ ಹೊರಟಾಗ ಭಾವನೂ ಹೆಸರು ಕೊಟ್ಟರು. ಅಕ್ಕನಿಗೆ ಮೊಣಕಾಲು ನೋವು, ಹಿಡಿದುಕೊಳ್ಳಲು ಒಬ್ಬರು ಬೇಕು ಎಂದು ನನ್ನನ್ನೂ ಸೇರಿಸಿದರು. ಎಲ್ಲರ ಬ್ಯಾಗಿನಲ್ಲೂ ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ. ಇಳಿದಲ್ಲಿಂದ ಒಬ್ಬೊಬ್ಬರದೂ ಒಂದೇ ಮಾತು, ಮರೀನ್ ಡ್ರೈವ್ ಇದಕ್ಕಿಂತ ಚಂದ ಎಂದು. ಸುಳ್ಳು. ಅಷ್ಟು ಗುಡಿಸಿದ ಸಮುದ್ರದ ದಂಡೆಯನ್ನು ಮುಂಬೈಯವರಾದ ನಾವು ಕಂಡೇ ಇರಲಿಲ್ಲ. ರಸ್ತೆಯುದ್ದಕ್ಕೂ ಕಮಾನಿನ ಕೆಳಗಿನ ಹಳೇ ಅಂಗಡಿಗಳು, ಕಂಪೌಂಡಿನ ಮೇಲೆ ನಮ್ಮೂರಿನದೇ ಕಾಗದದ ಹೂವಿನ ಬಳ್ಳಿ. ಅಕ್ಕ ಎಲ್ಲವನ್ನೂ ಬಾಯಿ ತೆರೆದು ನೋಡುತ್ತಿದ್ದಳು, ಭಾವ ತಿರುಗಿದ ತಕ್ಷಣ ಮುಚ್ಚುತ್ತಿದ್ದಳು.

ಎರಡನೆಯ ದಿನ ಮಧ್ಯಾಹ್ನ ಗೈಡ್ ಹುಡುಗಿ ನಮ್ಮನ್ನು ಬಂದರಿನ ಹತ್ತಿರದ ಓಣಿಯ ಮೀನಿನ ಊಟದ ಅಂಗಡಿಗೆ ಕರೆದುಕೊಂಡು ಹೋದಳು. ಬಾಗಿಲಲ್ಲೇ ಸಾಲಾಗಿ ನೀರಿನ ತೊಟ್ಟಿಗಳು, ಅದರಲ್ಲಿ ಜೀವಂತ ಮೀನು, ಸಿಗಡಿ, ಹಗ್ಗ ಬಿಗಿದ ಏಡಿ. ನಾವು ಬೆರಳು ತೋರಿಸಿದರೆ ಸಾಕು, ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬಳು ಬಲೆಯಿಂದ ಅದನ್ನು ಎತ್ತಿ, ಹಲಗೆಯ ಮೇಲೆ ಒತ್ತಿ ಹಿಡಿದು, ಮರದ ಕೊಡತಿಯಿಂದ ತಲೆಗೆ ಒಂದು ಬಿಡುತ್ತಿದ್ದಳು. ಬಾಲ ಪಟಪಟ ಬಡಿದು ನಿಲ್ಲುವುದರೊಳಗೆ ಹೊಟ್ಟೆ ಸೀಳಿ ಆಗಿರುತ್ತಿತ್ತು. ಹಲಗೆಯಿಂದ ರಕ್ತ ಅವಳ ಬೂಟಿನ ಮೇಲೆ ಹರಿಯುತ್ತಿತ್ತು. ನಮ್ಮ ಗುಂಪಿನವರು ಸುತ್ತ ನಿಂತು ಫೋನಿನಲ್ಲಿ ವೀಡಿಯೋ ತೆಗೆದರು.

"ನಮ್ ಮನಿಯವ್ಳಿಗೆ ಮೀನ್ ಗೊತ್ತಿತ್ತ್. ಅವ್ಳೇ ಆರ್ಸ್ಲಿ," ಎಂದು ಭಾವ ಗೆಳೆಯರ ಎದುರು ದೊಡ್ಡದಾಗಿ ಹೇಳಿದರು.

ಅಕ್ಕನ ಮುಖದ ಬಣ್ಣ ಇಳಿಯಿತು. ಮೀನು ಆರಿಸುವುದೆಂದರೆ ಅವಳಿಗೆ ಪರೀಕ್ಷೆ, ಫೇಲಾದರೆ ಏನು ಎಂಬುದು ಗೊತ್ತೇ ಇದೆ. ಎದುರಿಗಿದ್ದದ್ದು ಈಜಾಡುವ ಮೀನು, ಅದು ತಾಜಾ ಹೌದೋ ಅಲ್ಲವೋ ಎಂದು ನೋಡುವ ಅಗತ್ಯವೇ ಇಲ್ಲ ಎಂಬುದು ಆ ಹೆದರಿಕೆಯಲ್ಲಿ ಅವಳಿಗೆ ಹೊಳೆಯಲಿಲ್ಲ. ತೊಟ್ಟಿಗೆ ಕೈ ಹಾಕಿ ದೊಡ್ಡದೊಂದನ್ನು ತಲೆ ಅಮುಕಿ ಎತ್ತಿದಳು, ಮಾಟುಂಗದಲ್ಲಿ ಮಾಡುವ ಹಾಗೆಯೇ ಹೆಬ್ಬೆರಳಿನಿಂದ ಕಿವಿರು ಎತ್ತಿದಳು. ಮೀನು ಒದ್ದಾಡಿ ಹಾರಿತು. ನೇರ ಭಾವನ ಮುಖಕ್ಕೆ ಬಡಿದು, ಬಿಳಿ ಅಂಗಿಯ ಮೇಲೆ ಜಾರಿ, ನೆಲಕ್ಕೆ ಬಿತ್ತು.

ಎಲ್ಲರೂ ನಕ್ಕರು. ಹೋಟೆಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಬೂಟಿನ ಹೆಂಗಸು ಎಲ್ಲರಿಗಿಂತ ಜೋರಾಗಿ ನಕ್ಕಳು. ಭಾವನೂ ಮೊದಲು ನಕ್ಕರು. ಅಕ್ಕ ಮೀನು ಹೆಕ್ಕಲು ಬಗ್ಗಿದ್ದಳು. ಭಾವ ಅವಳ ತುರುಬು ಹಿಡಿದು ಮೇಲೆಳೆದು, ಕಪಾಳಕ್ಕೆ ಬಾರಿಸಿ, ತಲೆಯನ್ನು ತೊಟ್ಟಿಯ ಅಂಚಿಗೆ ಬಡಿದರು. ಮನೆಯ ಅಭ್ಯಾಸದ ಕೈ. ಬಾಗಿಲು ಹಾಕಿಲ್ಲ, ಮಿಕ್ಸಿ ತಿರುಗುತ್ತಿಲ್ಲ ಎಂಬುದು ಮರೆತೇ ಹೋಗಿತ್ತು.  ತೊಟ್ಟಿಯ ನೀರಿಗೆ ಅವಳ ಬಾಯಿಯ ರಕ್ತ ಬಿತ್ತು. ಗುಂಪಿನ ಗಂಡಸರಿಗೆಲ್ಲ ಒಮ್ಮೆಲೇ ಏಡಿ ನೋಡುವ ಆಸೆ ಹುಟ್ಟಿತು.

ಭಾವ ಇನ್ನೊಂದಕ್ಕೆ ಕೈ ಎತ್ತಿದ್ದರು. ಕೊಡತಿ ನನ್ನ ಕೈಗೆ ಹೇಗೆ ಬಂತೆಂದು ಯಾರಾದರೂ ಕೇಳಿದರೆ ಹೇಳುತ್ತೇನೆ, ನಾನೇ ತೆಗೆದುಕೊಂಡೆ, ಬೇಕೆಂದೇ ತೆಗೆದುಕೊಂಡೆ. ಎತ್ತಿದ ಕೈಯ ಮಣಿಕಟ್ಟಿನ ಮೇಲೆ ಒಂದು ಕೊಟ್ಟೆ. ಒಣ ಕಟ್ಟಿಗೆ ಮುರಿದ ಸದ್ದು ಬಂತು. ಭಾವ ಮಂಡಿಯೂರಿದರು. ಹೆಗಲಿಗೆ ಇನ್ನೊಂದು ಕೊಟ್ಟೆ. ಅವರು ಹಂದಿಯ ಹಾಗೆ ಕಿರುಚಿದರು, ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು. ಮೂರನೆಯದನ್ನು ತಲೆಗೆಂದು ಎತ್ತಿದೆ. ಅಷ್ಟರಲ್ಲಿ ಬೂಟಿನ ಹೆಂಗಸು ನನ್ನ ಕೈಯನ್ನು ಮೇಲೆಯೇ ಹಿಡಿದಳು. ಏನೋ ಹೇಳಿದಳು, ಮೆತ್ತಗೆ. ಕೊಡತಿ ಬಿಡಿಸಿಕೊಂಡು, ನಲ್ಲಿಯ ಕೆಳಗೆ ತೊಳೆದು, ಮೊದಲಿದ್ದ ಜಾಗದಲ್ಲಿಟ್ಟಳು. ಆಮೇಲೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕನ ತುಟಿಗೆ ಒತ್ತಿ ಹಿಡಿದಳು. ಅವಳು ತಡೆಯದಿದ್ದರೆ ನಾನು ಆ ತಲೆಯನ್ನು ಒಡೆದೇ ಬಿಡುತ್ತಿದ್ದೆ. ಇದನ್ನು ನೆನೆದರೆ ನನಗೆ ಈಗಲೂ ಹೆದರಿಕೆಯಾಗುತ್ತದೆ, ಪಶ್ಚಾತ್ತಾಪ ಮಾತ್ರ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ಗೈಡ್ ಹುಡುಗಿ ಫೋನಿನಲ್ಲಿ ಅದನ್ನು ಹಿಂದಿ ಭಾಷೆಗೆ ತಿರುಗಿಸಿ ನಮಗೆ ತೋರಿಸಿದಳು. ಹೊಡೆದಾಟವಾಗಿದ್ದರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದೂ ಅದರಲ್ಲಿತ್ತು. ಭಾವ ಎಡಗೈ ಎತ್ತಿ ನನ್ನ ಕಡೆ ಬೆರಳು ಮಾಡಿದರು.  ಗೊತ್ತಿಲ್ಲದ ದೇಶದಲ್ಲಿ, ಭಾಷೆ ಬಾರದ ಜೈಲಿನಲ್ಲಿ ಸಾಯುವುದೇ ಎಂದುಕೊಂಡೆ.

ಅಷ್ಟರಲ್ಲಿ ಅಕ್ಕ ಫೋನಿನ ಹತ್ತಿರ ಬಗ್ಗಿ, "ಫಿಸಲ್ ಗಯೇ. ಮಛಲೀ ಕಾ ಪಾನೀ ಥಾ," ಎಂದಳು. ಮೀನಿನ ನೀರಿನಲ್ಲಿ ಜಾರಿ ಬಿದ್ದರಂತೆ. ಒಂದಕ್ಷರ ತಡವರಿಸಲಿಲ್ಲ. ಡಾಕ್ಟರು ಅವಳ ಊದಿದ ತುಟಿಯನ್ನು ತೋರಿಸಿ, ಇದು? ಎಂಬಂತೆ ಹುಬ್ಬೇರಿಸಿದರು. "ಮೈ ಭೀ," ಎಂದಳು. ತಾನೂ ಜಾರಿದಳಂತೆ. ಅಂಗಡಿಯಲ್ಲಿ ಕ್ಯಾಮೆರಾ ಇತ್ತೆಂದು ಗೈಡ್ ಹುಡುಗಿ ಫೋನಿನಲ್ಲೇ ಭಾವನಿಗೆ ತೋರಿಸಿದಳು. ಕೊಡತಿಯ ಕತೆ ಹೇಳಿದರೆ ಅದಕ್ಕೂ ಹಿಂದಿನದನ್ನು ಹೇಳಬೇಕಾಗುತ್ತದೆ. ಭಾವ ಬೆರಳು ಇಳಿಸಿ, "ಹಾಂ, ಫಿಸಲ್ ಗಯಾ" ಎಂದರು. ಆ ಮಾತು ಅವರ ಬಾಯಿಂದ ಬರುವುದನ್ನು ಕೇಳಲು ನಾನು ಎಷ್ಟು ದೂರ ಬೇಕಾದರೂ ಹೋಗುತ್ತಿದ್ದೆ. ಆದರೂ ಖುಷಿಪಡಲು ಆಗಲಿಲ್ಲ. ಯಾವ ಸುಳ್ಳಿಗಾಗಿ ಅಕ್ಕನ ಮುಖ ನೋಡಲು ನನಗೆ ಅಸಹ್ಯವಾಗುತ್ತಿತ್ತೋ, ಅದೇ ಸುಳ್ಳು ನನ್ನನ್ನು ಉಳಿಸಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸಿಟ್ಟಿನಿಂದ ಅತ್ತೆ.

ಟೂರ್ ನಿಲ್ಲಲಿಲ್ಲ. ಮರುದಿನ ಎಲ್ಲರೂ ದೋಣಿ ಹತ್ತಿ ಎದುರಿನ ದ್ವೀಪಕ್ಕೆ ಹೋದೆವು. ಅಲ್ಲಿ ವಾಹನಗಳೇ ಇಲ್ಲ, ಹಳೇ ಬಂಗಲೆಗಳ ಕಿಟಕಿಯಿಂದ ಪಿಯಾನೋ ಕೇಳುತ್ತದೆ. ಗುಂಪಿನ ಹೆಂಗಸರು ನನ್ನ ಜೊತೆ ಮಾತು ಬಿಟ್ಟಿದ್ದರು. ಭಾವ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ನಡೆದರು. ಅಂಗಿಯ ಗುಂಡಿ ಹಾಕುವವಳೂ ಅಕ್ಕ, ಚಮಚದಲ್ಲಿ ಅನ್ನ ತಿನ್ನಿಸುವವಳೂ ಅಕ್ಕ. ತಿನ್ನಿಸುವಾಗ ಅವರು, "ಈ ಪ್ಲಾಸ್ಟರ್ ಒಂದ್ ಬಿಚ್ಲಿ. ಮತ್ತೆ ನಿಂಗೆ ಕಾಣ್ಸ್ತೆ," ಎಂದದ್ದು ನನ್ನ ಕಿವಿಗೆ ಬಿತ್ತು. ಅವರು ಹೇಳಿದ್ದನ್ನು ಮಾಡುವವರೇ. ಈ ಸಲ ಮಿಕ್ಸಿ ನಿಲ್ಲುವುದು ಅಕ್ಕ ಸತ್ತ ಮೇಲೆಯೇ ಎಂದು ನನಗನ್ನಿಸಿತು.

ದ್ವೀಪದ ಮರಳಿನಲ್ಲಿ ನಾವಿಬ್ಬರೇ ಕೂತಿದ್ದಾಗ ವಿಕ್ರೋಳಿಗೆ ಬಾ ಎಂದು ಅಕ್ಕನನ್ನು ಬೇಡಿಕೊಂಡೆ, ಬೈದೆ, ಭುಜ ಹಿಡಿದು ಅಲ್ಲಾಡಿಸಿದೆ. ಅವಳು ಸಮುದ್ರ ನೋಡುತ್ತಲೇ ಕೇಳಿದಳು.

"ಅವ್ರ್ ಕೈ ಮುರಿಯುಕೆ ಎಷ್ಟ್ ಜೋರಾಯ್ ಹೊಡ್ದೆ?"

"ಜಾಸ್ತಿ ಎಂತ ಬೇಡ," ಎಂದೆ. "ಮೂಳೆ ಮುದಿಯಾಯ್ತ್."

"ಅಷ್ಟೇಯಾ," ಎಂದಳು. ಎದ್ದು ಹೋಗಿ, ದೋಣಿ ನಿಲ್ಲುವಲ್ಲಿನ ಅಂಗಡಿಯಲ್ಲಿ ಗಂಟುಗಂಟಾದ ಗಟ್ಟಿ ಊರುಗೋಲೊಂದನ್ನು ಕೊಂಡಳು. ಮೊಣಕಾಲಿಗೆ ಎಂದಳು. ಚೀನಾದಿಂದ ಅವಳು ತಂದದ್ದು ಅದೊಂದೇ.

ಮುಂಬೈ ಏರ್‌ಪೋರ್ಟಿನ ಹೊರಗೆ ಅಕ್ಕನ ಮಗ ಕಾರು ತಂದಿದ್ದ. ಮೂವತ್ತು ದಾಟಿದವನು, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಅಪ್ಪನ ಪಕ್ಕ ಕೂರುವವನು, ಮಿಕ್ಸಿಯ ಸದ್ದು ಕೇಳಿಯೇ ಬೆಳೆದವನು. ಪ್ಲಾಸ್ಟರ್ ಕಂಡು ಓಡಿ ಬಂದ. "ಪಪ್ಪಾ, ಯೇ ಕ್ಯಾ ಹುವಾ? ಕೈಗೆ ಎಂತ ಆಯ್ತು?"

"ಜಾರಿ ಬಿದ್ದೆ," ಎಂದರು ಭಾವ.

"ಸುಳ್ಳ್," ಎಂದಳು ಅಕ್ಕ.

ಟ್ರಾಲಿ ತಳ್ಳುತ್ತಿದ್ದ ಗುಂಪಿನವರೆಲ್ಲ ನಿಂತರು. ಅಕ್ಕನ ದನಿ ಜೋರಾಗಿರಲಿಲ್ಲ, ಆದರೆ ಎಲ್ಲರಿಗೂ ಕೇಳುತ್ತಿತ್ತು. "ನಿನ್ನ ಅಪ್ಪ ನಂಗ್ ಹೊಡ್ದ್ರ್, ಇವ್ರೆಲ್ಲರ ಮುಂದೆ. ಮನಿ ಒಳ್ಗೂ ಹೊಡಿತ್ರ್, ನೀ ಹುಟ್ಟುಕ್ ಮುಂಚಿಂದ. ನಿಂಗೂ ಗೊತ್ತಿತ್ತ್. ಅದ್ಕೆ ಚಿಕ್ಕಮ್ಮ ಅವ್ರ್ ಕೈ ಮುರಿದ್ಲ್."

ಮಗ ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಮೇರೇ ಬಾಪ್ ಪೇ ಹಾಥ್ ಉಠಾಯಾ?" ಎಂದು ಕೇಳಿ, ಅಪ್ಪನಿಗೆ ಹೊಡೆದೆನೆಂದು ನನ್ನ ಕತ್ತಿನ ಪಟ್ಟಿಗೆ ಕೈ ಹಾಕಿ, ಇನ್ನೊಂದು ಕೈ ಎತ್ತಿದ. ಆ ಕೈ ಎತ್ತಿದ ರೀತಿ, ಮೊಣಕೈ ಹಿಂದಕ್ಕೆ ಸೆಳೆದು ಅಂಗೈ ಬಿಚ್ಚಿದ ರೀತಿ, ಥೇಟ್ ಅಪ್ಪನದೇ. ನಾನು ಕಣ್ಣು ಮುಚ್ಚಿದೆ.

ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಅಕ್ಕನ ಊರುಗೋಲು ಅವನ ಮಣಿಕಟ್ಟಿಗೆ ಅಡ್ಡವಾಗಿತ್ತು. ಅವಳ ಕೈ ನಡುಗುತ್ತಿರಲಿಲ್ಲ.

"ಎಷ್ಟ್ ಜೋರಾಯ್ ಹೊಡಿಕಂದ್ ನಂಗೀಗ ಗೊತ್ತಿತ್ತ್," ಎಂದಳು ಮಗನಿಗೆ. "ಜಾಸ್ತಿ ಎಂತ ಬೇಡ."

ಅವನು ಕೈ ಇಳಿಸಿದ. ಭಾವ ಕಾರಿನ ಬಾಗಿಲು ಹಿಡಿದು ನಿಂತು ಅವಳ ಹೆಸರು ಕರೆದರು, ಎರಡನೆಯ ಸಲ ಇನ್ನಷ್ಟು ಜೋರಾಗಿ ಕರೆದರು. ಅಕ್ಕ ಕುಂಟುತ್ತ ರಿಕ್ಷಾದ ಸಾಲಿಗೆ ನಡೆದಳು. ನಾನು ಬ್ಯಾಗುಗಳನ್ನು ಎಳೆದುಕೊಂಡು ಹಿಂದೆ ಓಡಿದೆ. ರಿಕ್ಷಾದವನು, "ಕಿಧರ್?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಒಳಗೆ ಕೂತು, ಊರುಗೋಲನ್ನು ಕಾಲಿನ ನಡುವೆ ನಿಲ್ಲಿಸಿಕೊಂಡು, "ವಿಕ್ರೋಳಿ," ಎಂದಳು.