ಕುರ್ಚಿ ಹಂಚದೆ ಬೇರೆಯಾದವರು

ನಾನು ಕೆಲಸಕ್ಕೆಂದು ಹೈದರಾಬಾದಿಗೆ ಬಂದಾಗ ಕೊಂಡಾಪುರದಲ್ಲಿ ಒಂದು ಕಡೆ ಬಂಡೆ ಸಿಡಿಸುತ್ತಿದ್ದರು, ಅದರ ಪಕ್ಕದಲ್ಲೇ ಎದ್ದ ಕಟ್ಟಡಕ್ಕೆ ಗಾಜು ಕೂರಿಸುತ್ತಿದ್ದರು. ಆ ಗಾಜಿನೊಳಗೆ ಕೂತು ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ವಾರವಿಡೀ ತಪ್ಪು ಹುಡುಕಿ ರೂಢಿಯಾದವಳಿಗೆ ಭಾನುವಾರ ಸುಮ್ಮನೆ ಕೂರಲು ಬರುವುದಿಲ್ಲ. ಹಾಸ್ಟೆಲಿನ ಅಡುಗೆಯಾಕೆ ಮಾಡಿದ ಬೇಳೆಯ ಪಪ್ಪಿನಲ್ಲಿ ತಪ್ಪು ಹುಡುಕಲು ಹೋಗಿ ತೆಲುಗಿನಲ್ಲಿ ಚೆನ್ನಾಗಿ ಬೈಸಿಕೊಂಡೆ. ಬೈದದ್ದು ಪೂರ್ತಿ ಅರ್ಥವಾಗಲಿಲ್ಲ, ಅದೊಂದು ಪುಣ್ಯ. ಆಮೇಲೆ ಆಫೀಸಿನವರೊಬ್ಬರು ಹೇಳಿದ ಕನ್ನಡಿಗರ ಗುಂಪೊಂದಕ್ಕೆ ಹೋಗಿ ಸೇರಿಕೊಂಡೆ.

ಆ ಗುಂಪು ಮಾಡುತ್ತಿದ್ದದ್ದು ಇಷ್ಟು. ಜಗತ್ತಿನ ನಾನಾ ಕಡೆಯ ಜನ ಸಂಬಳವಿಲ್ಲದೆ ಸೇರಿ ಕಟ್ಟುವ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದಾದ ಕಂಪ್ಯೂಟರ್ ವ್ಯವಸ್ಥೆಯೊಂದಿತ್ತು. ಅದನ್ನು ಕನ್ನಡಕ್ಕೆ ತಂದು, ಪರದೆಯ ಮೇಲಿನ ಪ್ರತಿ ಮಾತೂ ಕನ್ನಡದಲ್ಲೇ ಕಾಣುವಂತೆ ಮಾಡಿ, ಸಿ.ಡಿ.ಗೆ ತುಂಬಿ, ಬೇಕೆಂದವರಿಗೆ ಹಂಚುವುದು. ಬೇಕೆಂದವರು ಹೆಚ್ಚಿರಲಿಲ್ಲ. ಹಂಚುವವರ ಉತ್ಸಾಹಕ್ಕೆ ಮಾತ್ರ ಕೊರತೆಯಿರಲಿಲ್ಲ.

ಗುಂಪಿನಲ್ಲಿ ಇಬ್ಬರು ಮುಖ್ಯರು. ಒಬ್ಬರು ಮಂಗಳೂರಿನವರು, ಕೊಂಡಾಪುರದಲ್ಲೇ ನಮ್ಮ ಎದುರಿನ ಕಂಪನಿಯಲ್ಲಿದ್ದರು. ಈ ಕನ್ನಡ ಆವೃತ್ತಿಯನ್ನು ಮೊದಲು ಕಟ್ಟಿದವರು ಅವರೇ. ಬರೆದದ್ದನ್ನು ಓದುತ್ತಿರುವ ಹಾಗೆ ನಿಧಾನವಾಗಿ ಮಾತಾಡುತ್ತಿದ್ದರು. ಇನ್ನೊಬ್ಬರು ಕೊಪ್ಪಳದವರು, ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ಭಾನುವಾರ ಕೊಂಡಾಪುರಕ್ಕೆ ಬಸ್ಸು ಬದಲಿಸಿಕೊಂಡು ಬರುವಾಗ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದರು. ನಾನು ತುಮಕೂರಿನವಳು. ಕರಾವಳಿಗೂ ಸೇರದ, ಉತ್ತರಕ್ಕೂ ಸೇರದ ಊರಿನವಳಾದ್ದರಿಂದ ಇಬ್ಬರೂ ನನ್ನನ್ನು ತಮ್ಮ ಪರ ಸಾಕ್ಷಿ ಹೇಳಲು ಕರೆಯುತ್ತಿದ್ದರು.

ಮೊದಲ ಜಗಳಗಳು ಪದಗಳ ಮೇಲಾದವು. ಕೆಲಸ ಮುಗಿಸಿ ಹೊರಗೆ ಬರುವಾಗ ಒತ್ತುವ ಗುಂಡಿಗೆ ಮಂಗಳೂರಿನವರು ‘ನಿರ್ಗಮಿಸಿ’ ಎಂದು ಹಾಕಿದ್ದರು.

“ನಿರ್ಗಮಿಸಿ ಅಂದ್ರ ನಮ್ಮವ್ವಗ ಏನ್ ತಿಳೀಬೇಕ್ರಿ?” ಎಂದರು ಕೊಪ್ಪಳದವರು. “‘ಹೋಗಿ ಬರ್ರಿ’ ಅಂತ ಹಾಕ್ರಿ.”

“ಅದೆಂತ ಮಾರಾಯ್ರೇ? ಕಂಪ್ಯೂಟರು ಬಾಗಿಲವರೆಗೆ ಬಂದು ಬೀಳ್ಕೊಡುವುದುಂಟಾ?”

“ಬರೀ ಹೋಗು ಅನ್ನಬಾರ್ದ್ರಿ. ಅಪಶಕುನ.”

ಇದು ಹಲವು ಭಾನುವಾರ ನಡೆಯಿತು. ಕೊನೆಗೆ ನಾನು ‘ಹೊರಬನ್ನಿ’ ಎಂದೆ. ಇಬ್ಬರಿಗೂ ಅದು ಅಷ್ಟಾಗಿ ಹಿಡಿಸಲಿಲ್ಲ. ಇಬ್ಬರಿಗೂ ಹಿಡಿಸದ್ದರಿಂದಲೇ ಅದು ಉಳಿಯಿತು. ಫೈಲು ಅಳಿಸುವ ಮುಂಚೆ ಕೇಳುವ ಪ್ರಶ್ನೆಗೆ ‘ನಿಮಗೆ ಖಾತ್ರಿಯಿದೆಯೇ’ ಎಂದು ಒಬ್ಬರು, ‘ಖರೇನ ತಗೀಲ್ಯಾ’ ಎಂದು ಇನ್ನೊಬ್ಬರು. ಇಂಥ ಜಗಳ ಮುಗಿದ ಮೇಲೆ ಎಲ್ಲರೂ ರೊಟ್ಟಿ ಮುರಿದು ತಿನ್ನುತ್ತಿದ್ದೆವು. ಹಾಗಾಗಿ ಅವುಗಳಿಂದ ಯಾರಿಗೂ ಗಾಯವಾಗಲಿಲ್ಲ.

ನಿಜವಾದ ಗಾಳಿ ಬೀಸಿದ್ದು ಹೊರಗಿನಿಂದ. ಮೂಲ ವ್ಯವಸ್ಥೆಯನ್ನು ಕಟ್ಟುವ ಎಲ್ಲೋ ದೂರದ ಮಂದಿ ಹೊಸ ಆವೃತ್ತಿ ಹೊರತಂದರು. ಅದನ್ನು ಹಾಕಿ ನೋಡಿದರೆ ಪರದೆಯ ಕೆಳಗಿದ್ದ ಪಟ್ಟಿ ಮಾಯ, ಮೂಲೆಯಲ್ಲಿದ್ದ ಮೆನು ಮಾಯ. ಒಂದು ಚಿತ್ರ, ಅದರ ಮೇಲೆ ಒಂದು ಕಪ್ಪು ಗೆರೆ, ಅಷ್ಟೇ. ಬೇಕಾದ್ದು ಕಾಣಬೇಕಾದರೆ ಬಾಣದ ಗುರುತನ್ನು ಒಂದು ಮೂಲೆಗೆ ಒಯ್ದು ಮುಟ್ಟಿಸಬೇಕು. ಆಗ ಎಲ್ಲವೂ ಸರ್ರನೆ ಹರಡಿಕೊಳ್ಳುತ್ತಿತ್ತು.

ನಮ್ಮ ಕನ್ನಡ ಆವೃತ್ತಿ ಇದರ ಹಿಂದೆ ಹೋಗಬೇಕೋ, ಹಳೆಯದರಲ್ಲೇ ನಿಲ್ಲಬೇಕೋ ಎಂಬುದು ಪ್ರಶ್ನೆ.

“ಮನೆಗೆ ಬಂದವನಿಗೆ ನೀರಿನ ತಂಬಿಗೆ ಎದುರಿಗೇ ಕಾಣಬೇಕು,” ಎಂದರು ಮಂಗಳೂರಿನವರು. “ಅಡಗಿಸಿಟ್ಟು ‘ಹುಡುಕು’ ಅನ್ನುವುದು ಯಾವ ಮರ್ಯಾದೆ?”

“ಹಳೇದನ್ನ ರಿಪೇರಿ ಮಾಡೋರು ಇನ್ ಮ್ಯಾಲ ಯಾರೂ ಇರಂಗಿಲ್ರಿ. ಎಲ್ಲಾರೂ ಮುಂದ ಹೊಂಟಾರ. ನಾಳೆ ಏನರ ಕೆಟ್ರ ನೀವೊಬ್ರ ಕುಂತು ತ್ಯಾಪಿ ಹಚ್ಚತೀರೇನು?”

“ಹಚ್ಚುತ್ತೇನೆ.”

“ಎಷ್ಟ ದಿನ?”

“ಬಟ್ಟೆ ಇರುವಷ್ಟು ದಿನ.”

ಇಬ್ಬರ ಮಾತಿನಲ್ಲೂ ಸತ್ಯವಿತ್ತು, ಅದೇ ತೊಂದರೆ. ಒಬ್ಬರು ಪೂರ್ತಿ ತಪ್ಪಾಗಿದ್ದರೆ ಜಗಳ ಊಟದ ಹೊತ್ತಿಗೆ ಮುಗಿಯುತ್ತಿತ್ತು. ವಾದ ಭಾನುವಾರದಿಂದ ಜಾರಿ ಗುಂಪಿನ ಇ-ಮೇಲಿಗೆ ಬಂತು. ಮಂಗಳೂರಿನವರ ಪತ್ರಗಳಲ್ಲಿ ಪೀಠಿಕೆ, ವಿಷಯ, ಉಪಸಂಹಾರ ಇರುತ್ತಿದ್ದವು. ಕೊಪ್ಪಳದವರ ಪತ್ರ ಒಂದೇ ಸಾಲು, ಕೊನೆಗೆ ಮೂರು ಆಶ್ಚರ್ಯ ಚಿಹ್ನೆ. ಬರುವ ಪತ್ರಗಳನ್ನು ಒಂದು ಗಳಿಗೆ ತಡೆದು, ಬಿಸಿ ಆರಿದ ಮೇಲೆ ಬಿಡುವ ಕೆಲಸವನ್ನು ನನಗೆ ಕೊಟ್ಟರು. ನಾನು ತಡೆದಷ್ಟು ಹೊತ್ತೂ ಅವರು ನನಗೇ ಫೋನು ಮಾಡಿ ಪತ್ರದಲ್ಲಿದ್ದದ್ದನ್ನು ಓದಿ ಹೇಳುತ್ತಿದ್ದರು. ಮೈಸೂರಿನ ಒಬ್ಬ ಸೌಮ್ಯರು “ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳೋಣವೇ?” ಎಂದು ಬರೆದರು. ಆ ಒಂದು ಸಲ ಇಬ್ಬರೂ ಒಂದಾಗಿ ಅವರ ಮೇಲೆ ಬಿದ್ದರು. ಸೌಮ್ಯರು ಗುಂಪು ಬಿಟ್ಟು ಶಂಶಾಬಾದಿನ ಕಡೆ ಸೈಟು ನೋಡುವುದರಲ್ಲಿ ತೊಡಗಿಕೊಂಡರೆಂದು ಆಮೇಲೆ ತಿಳಿಯಿತು.

ಇದು ಹೀಗಿರುವಾಗ ಚಿಕ್ಕಡಪಲ್ಲಿಯ ಕನ್ನಡ ಸಂಘವೊಂದರಿಂದ ಕರೆ ಬಂತು. ಯಾವುದೋ ಆಫೀಸಿನವರು ತಮ್ಮ ಹಳೆಯ ಕಂಪ್ಯೂಟರುಗಳನ್ನು, ಒಂದು ಪ್ರಿಂಟರನ್ನು ಸಂಘದ ವಾಚನಾಲಯಕ್ಕೆ ಕೊಟ್ಟಿದ್ದರು. ನಮ್ಮ ಕನ್ನಡ ವ್ಯವಸ್ಥೆಯನ್ನು ಹಾಕಿಕೊಡಬೇಕಂತೆ. ಅಪರೂಪಕ್ಕೆ ಯಾರೋ ‘ಬೇಕು’ ಅಂದಿದ್ದರು. ಇಡೀ ಗುಂಪು ಹೊರಟಿತು. ಇಬ್ಬರು ಮುಖ್ಯರೂ ತಮ್ಮ ತಮ್ಮ ಸಿ.ಡಿ. ಹಿಡಿದು ಬಂದಿದ್ದರು.

ಸಂಘದ ಅಧ್ಯಕ್ಷರು ರೈಲ್ವೆಯಿಂದ ನಿವೃತ್ತರಾದವರು. ಅವರ ಅಜ್ಜನ ಕಾಲದಲ್ಲೇ ಕಲಬುರಗಿಯಿಂದ ಬಂದು ಇಲ್ಲಿ ನೆಲೆಸಿದ ಮನೆತನ. ಬಿಳಿ ಅಂಗಿ, ಬಾಯಲ್ಲಿ ಸದಾ ಲವಂಗ. ನಾವು ಮೊದಲ ಕಂಪ್ಯೂಟರಿನ ಗುಂಡಿ ಒತ್ತುವ ಮುಂಚೆಯೇ ಯಾವ ಸಿ.ಡಿ. ಒಳಗೆ ಹೋಗಬೇಕೆಂದು ಜಗಳ ಶುರುವಾಯಿತು. ಪೇಪರು ಓದುತ್ತಿದ್ದ ಹಿರಿಯರು ಒಬ್ಬೊಬ್ಬರೇ ಪೇಪರು ಮಡಚಿಟ್ಟರು. ಅಧ್ಯಕ್ಷರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

“ಏನವಾ, ಏನ್ ತಕರಾರ್ ಅದ ಇವರದು?”

ನಾನು ಹಳೆಯದು, ಹೊಸದು ಎಲ್ಲ ವಿವರಿಸಿ ಹೇಳಿದೆ. ಅವರು ಲವಂಗ ಅಗಿಯುತ್ತ ಕೇಳಿದರು.

“ಹಂಗಂದ್ರ ನಿಮ್ಮ ಗುಂಪು ಒಡೀತದ ಅನ್ನು.”

“ಹಾಗೇ ಕಾಣುತ್ತೆ ಸಾರ್.”

ಅವರ ಮುಖ ಅರಳಿತು. “ನಮ್ ಸಂಘ ಎರಡ್ ಸಲ ಒಡದದ. ಒಮ್ಮಿ ನಾಟಕದ ಸಲುವಾಗಿ, ಒಮ್ಮಿ ಉಪ್ಪಿಟ್ಟಿನ ಸಲುವಾಗಿ. ಎರಡೂ ಸಲ ನಾನೇ ಮುಂದ ನಿಂತಿದ್ದೆ. ಒಡೀಲಿಕ್ಕೂ ಒಂದು ತರೀಖಾ ಇರ್ತದವಾ. ಕರಿ ಇಬ್ಬರನ್ನೂ.”

ಇಬ್ಬರೂ ಬಂದು ಅವರೆದುರು ಕೂತರು. ಹಿರಿಯರು ಸುತ್ತ ನೆರೆದರು.

“ನೋಡ್ರಿ, ಮೊದಲ ಸಾಮಾನು ಹಂಚಕೋಬೇಕು,” ಎಂದರು ಅಧ್ಯಕ್ಷರು. “ಕುರ್ಚಿ ಯಾರಿಗೆ, ಜಮಖಾನಿ ಯಾರಿಗೆ, ಹಾರ್ಮೋನಿಯಂ ಯಾರಿಗೆ. ಅದು ಫೈಸಲ್ ಆದ್ರ ಬಾಕಿದು ಸುಲಭ.”

“ನಮ್ಮಲ್ಲಿ ಹಂಚುವಂಥದ್ದು ಎಂತದೂ ಇಲ್ಲ ಸಾರ್,” ಎಂದರು ಮಂಗಳೂರಿನವರು. “ಇದ್ದದ್ದನ್ನು ಒಂದು ನಕಲು ತೆಗೆದರೆ ಆಯಿತು. ಆಮೇಲೆ ಇಬ್ಬರ ಹತ್ತಿರವೂ ಪೂರ್ತಿ ಇರುತ್ತದೆ.”

“ಪೂರ್ತಿ? ಅಂದ್ರ ಎಲ್ಲಾ ಕುರ್ಚಿ ಅವರ ಕಡಿನೂ ಇರ್ತಾವ, ನಿಮ್ ಕಡಿನೂ ಇರ್ತಾವ?”

“ಹೌದು.”

“ಹಾರ್ಮೋನಿಯಂ?”

“ಅದೂ.”

ಅಧ್ಯಕ್ಷರು ಲವಂಗ ಅಗಿಯುವುದನ್ನು ನಿಲ್ಲಿಸಿದರು. ಹಿಂದೆ ನಿಂತಿದ್ದ ಹಿರಿಯರೊಬ್ಬರು “ಅರೆರೆ!” ಎಂದರು.

“ನಾವು ಕುರ್ಚಿ ಸಲುವಾಗಿ ಕೋರ್ಟಿಗಿ ಹೋಗಿದ್ವಿ,” ಎಂದರು ಅಧ್ಯಕ್ಷರು ಮೆಲ್ಲಗೆ. “ನನ್ನ ಷಡ್ಡಕ ಇವತ್ತಿಗೂ ನನ್ನ ಜೋಡಿ ಮಾತಾಡಂಗಿಲ್ಲ. ಎಲ್ಲಾರಿಗೂ ಎಲ್ಲಾ ಸಿಗ್ತದಂದ್ರ ನೀವು ಜಗಳ ಯಾತರ ಸಲುವಾಗಿ ಮಾಡ್ಲಕತ್ತೀರಿ?”

ತಿಂಗಳುಗಟ್ಟಲೆ ಬಂದ ಪತ್ರಗಳನ್ನೆಲ್ಲ ಓದಿದವಳು ನಾನು. ಈ ಪ್ರಶ್ನೆಗೆ ಅವುಗಳಲ್ಲಿ ಎಲ್ಲೂ ಉತ್ತರವಿರಲಿಲ್ಲ. ಕಡೆಗೆ ಕೊಪ್ಪಳದವರು ಸಣ್ಣ ದನಿಯಲ್ಲಿ, “ಹೆಸರಿನ ಸಲುವಾಗ್ರಿ,” ಎಂದರು. “ಹಳೇ ಹೆಸರು ಯಾರಿಗೆ ಉಳೀತೈತಿ ಅಂತ.”

“ಹಾಂ!” ಅಧ್ಯಕ್ಷರು ತೊಡೆ ತಟ್ಟಿಕೊಂಡರು. “ಈಗ ಬರಾಬರ್ ಆತು. ಹೆಸರಿನ ಜಗಳ ನಮಗ ಗೊತ್ತದ. ನಮ್ಮದು ‘ಸಂಘ’. ಒಡದು ಹೋದವ್ರು ‘ನಿಜ ಸಂಘ’ ಅಂತ ಇಟ್ಕೊಂಡ್ರು. ಎರಡನೇ ಸಲ ಒಡದು ಹೋದವ್ರು ‘ಮೂಲ ಸಂಘ’ ಅಂದ್ರು. ಅಂಚಿಯವನಿಗಿ ಹುಚ್ಚ ಹಿಡೀತು. ನನ್ನ ಮಾತು ಕೇಳ್ರಿ. ಹಳೇ ಹೆಸರು ಇಬ್ಬರಿಗೂ ನಕ್ಕೋ, ಬ್ಯಾಡ. ಇಬ್ಬರೂ ಹೊಸಾದು ಇಟ್ಕೋರಿ. ನಿಜ, ಮೂಲ, ಅಸಲಿ ಅಂತ ಯಾವುದೂ ಹಚ್ಚಬ್ಯಾಡ್ರಿ.”

ಚಹ, ಉಪ್ಪಿಟ್ಟು ಬಂದವು. ಅದನ್ನು ತಿನ್ನುತ್ತಲೇ ಇಬ್ಬರೂ ಹಳೆಯ ಹೆಸರು ಬಿಡಲು ಒಪ್ಪಿದರು, ನಮ್ಮ ಗುಂಪು ಒಡೆಯಿತು. ಒಬ್ಬರೂ ದನಿ ಎತ್ತಲಿಲ್ಲ. ಕಿಟಕಿ ಪಕ್ಕದ ಕಂಪ್ಯೂಟರುಗಳಿಗೆ ಮಂಗಳೂರಿನವರ ಹಳೆಯದು, ಗೋಡೆ ಪಕ್ಕದವಕ್ಕೆ ಕೊಪ್ಪಳದವರ ಹೊಸದು ಎಂದು ಅಧ್ಯಕ್ಷರೇ ತೀರ್ಪು ಕೊಟ್ಟರು. ಯಾರ ಕಡೆಗೆ ಜನ ಹೆಚ್ಚು ಬರುತ್ತಾರೆಂದು ಇಬ್ಬರಿಗೂ ಒಳಗೊಳಗೇ ಕುತೂಹಲ. ಹಿರಿಯರು ಮೆನುವನ್ನೂ ನೋಡಲಿಲ್ಲ, ಮೂಲೆಯನ್ನೂ ನೋಡಲಿಲ್ಲ; ಫ್ಯಾನಿನ ಕೆಳಗೆ ಯಾವುದಿತ್ತೋ ಅದರ ಮುಂದೆ ಹೋಗಿ ಕೂತರು.

ಆಮೇಲಿನ ದಿನಗಳು ನನಗೆ ಅಷ್ಟು ನಗುವಂಥವಾಗಿರಲಿಲ್ಲ. ಎರಡೂ ಗುಂಪಿನವರು ಪತ್ರ ತಡೆಯಲು ನನ್ನನ್ನೇ ಇಟ್ಟುಕೊಂಡರು. ಒಂದೇ ಪದವನ್ನು ಎರಡು ಕಡೆಗೆ ಎರಡು ಥರ ಕನ್ನಡಿಸಬೇಕಾಗಿತ್ತು. ಒಂದು ಭಾನುವಾರ ಕೊಂಡಾಪುರ, ಇನ್ನೊಂದು ಭಾನುವಾರ ಪಟಾನ್‌ಚೆರು. ಕೊಂಡಾಪುರದಲ್ಲಿ ರೊಟ್ಟಿಯಿಲ್ಲ, ಪಟಾನ್‌ಚೆರುವಿನಲ್ಲಿ ವಾದ ಮಾಡುವವರಿಲ್ಲ. ಎದುರಾಡುವವರಿಲ್ಲದೆ ಕೊಪ್ಪಳದವರು ‘ಹೋಗಿ ಬರ್ರಿ’ಯನ್ನು ಹಾಕಿಯೇಬಿಟ್ಟಿದ್ದರು, ಹಾಕಿದ ಮೇಲೆ ಅದನ್ನೇ ನೋಡುತ್ತ ಕೂತಿದ್ದರು.

“ಅವರು ಇನ್ನಾ ತ್ಯಾಪಿ ಹಚ್ಚಾಕತ್ತಾರೇನ್ರಿ ಅಕ್ಕಾರ?” ಎಂದು ಕೇಳುತ್ತಿದ್ದರು.

ಮಂಗಳೂರಿನವರು ನೇರವಾಗಿ ಕೇಳುತ್ತಿರಲಿಲ್ಲ. “ಪಟಾನ್‌ಚೆರು ಕಡೆ ಬಸ್ಸು ಸರಿಯಾಗಿ ಉಂಟಾ?” ಎನ್ನುತ್ತಿದ್ದರು.

ರಾಜ್ಯೋತ್ಸವ ಹತ್ತಿರ ಬಂದಾಗ ಅಧ್ಯಕ್ಷರ ಫೋನು ಬಂತು. “ಏನವಾ, ನಮ್ ರಾಜ್ಯೋತ್ಸವ ಒಡದದ.”

ಸಂಘ ಮೂರನೆಯ ಸಲ ಒಡೆಯಿತೆಂದು ನಾನು ಗಾಬರಿಯಾದೆ. ಹಾಗಲ್ಲ. ಆಮಂತ್ರಣ ಪತ್ರ ಅಚ್ಚು ಹಾಕಲು ಹೋದರೆ ಆ ಪದವೇ ಒಡೆದು ಬರುತ್ತಿತ್ತು. ಕಿಟಕಿ ಪಕ್ಕದ ಕಂಪ್ಯೂಟರಿನಿಂದ ಕಾಗದದ ಮೇಲೆ ಒತ್ತಕ್ಷರಗಳೆಲ್ಲ ಕಳಚಿ ‘ರಾಜ್‌ಯೋತ್‌ಸವ’ ಎಂದು ಸಾಲಾಗಿ ನಿಲ್ಲುತ್ತಿದ್ದವು. ಗೋಡೆ ಪಕ್ಕದ ಕಂಪ್ಯೂಟರಿನಲ್ಲಿ ಅಕ್ಷರ ಸರಿಯಿತ್ತು, ಆದರೆ ಅದಕ್ಕೆ ಆ ಹಳೆಯ ಪ್ರಿಂಟರಿನ ಪರಿಚಯವೇ ಇರಲಿಲ್ಲ. ಇಬ್ಬರಿಗೂ ಹೇಳಿದೆ. ಇನ್ನೊಬ್ಬರೂ ಬರುತ್ತಾರೆಂದು ಮಾತ್ರ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಬಂದರು. ಒಬ್ಬರು ಕಿಟಕಿಗೆ ಮುಖ ಮಾಡಿ, ಒಬ್ಬರು ಗೋಡೆಗೆ ಮುಖ ಮಾಡಿ, ಬೆನ್ನಿಗೆ ಬೆನ್ನು ಕೊಟ್ಟು ಕೂತರು.

“ಅಕ್ಷರ ಜೋಡಿಸುವ ಪ್ರೋಗ್ರಾಮಿನ ಹೊಸ ತುಂಡು ಯಾವುದು ಅಂತ ಅವರನ್ನು ಕೇಳಿ,” ಎಂದರು ಮಂಗಳೂರಿನವರು ನನಗೆ.

“ಪ್ರಿಂಟರಿನದು ಹೆಂಗ ಹಾಕಿದ್ರು ಅಂತ ಅವರಿಗೆ ಕೇಳ್ರಿ ಅಕ್ಕಾರ,” ಎಂದರು ಕೊಪ್ಪಳದವರು.

ಒಂದು ಮೊಳ ದೂರದಲ್ಲಿದ್ದವರ ನಡುವೆ ಮಾತು ದಾಟಿಸಿ ನನಗೆ ಸಾಕಾಯಿತು. ಚಹ ಕುಡಿಯುವ ನೆಪ ಹೇಳಿ ಕೆಳಗೆ ಹೋದೆ. ಇರಾನಿ ಹೋಟೆಲಿನಲ್ಲಿ ಬೇಕೆಂದೇ ಎರಡನೆಯ ಕಪ್ಪು ತರಿಸಿಕೊಂಡೆ. ಮೆಟ್ಟಿಲು ಹತ್ತುವಾಗ ಮೇಲಿನಿಂದ ಜಗಳದ ಸದ್ದು ಕೇಳಿಸಿತು. ಓಡಿ ಹೋಗಿ ನೋಡಿದರೆ ಇಬ್ಬರೂ ಒಂದೇ ಪರದೆಯ ಮುಂದಿದ್ದರು. ಒತ್ತಕ್ಷರ ಸರಿಹೋಗಿ ಎಷ್ಟೋ ಹೊತ್ತಾಗಿತ್ತು. ಈಗ ಆಮಂತ್ರಣದ ಕೊನೆಯ ಸಾಲಿಗೆ ‘ತಾವು ಆಗಮಿಸಬೇಕಾಗಿ ವಿನಂತಿ’ ಸರಿಯೋ, ‘ಎಲ್ಲಾರೂ ತಪ್ಪದ ಬರ್ರಿ’ ಸರಿಯೋ ಎಂದು ಹೊಡೆದಾಡುತ್ತಿದ್ದರು. ಅಧ್ಯಕ್ಷರು ಪಕ್ಕದಲ್ಲಿ ಕೂತು ಸಂಗೀತ ಕಛೇರಿ ಕೇಳುವವರಂತೆ ತಲೆದೂಗುತ್ತಿದ್ದರು. ನನಗೆ ಅಳು ಬಂದ ಹಾಗಾಯಿತು, ನಗು ಬಂತು.

ರಾಜ್ಯೋತ್ಸವದ ದಿನ ಸಭಾಂಗಣ ತುಂಬಿತ್ತು. ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ, ರಾಯಚೂರಿನ ಕಡೆಯ ಸಂಸಾರಗಳು ಮುಂದಿನ ಸಾಲಿನಲ್ಲೇ ಕೂತಿದ್ದವು. ಅಧ್ಯಕ್ಷರು ಮೈಕಿನಲ್ಲಿ, “ನಮ್ ಕಂಪ್ಯೂಟರ್ ಮಾಡಿಕೊಟ್ಟವರಿಗಿ ಸನ್ಮಾನ ಅದ, ಬರಬೇಕು,” ಎಂದು ಕರೆದರು. ಇಬ್ಬರೂ ವೇದಿಕೆ ಹತ್ತಿದರು. ಅಲ್ಲಿ ನೋಡಿದರೆ ಇದ್ದದ್ದು ಒಂದೇ ಶಾಲು.

“ಅವರಿಗೆ ಹಾಕಿ ಸಾರ್. ಅಕ್ಷರ ಸರಿ ಮಾಡಿದ್ದು ಅವರು,” ಎಂದರು ಮಂಗಳೂರಿನವರು.

“ಛೇ, ಹಂಗೆಂಗ್ರಿ? ಇದನ್ನ ಕಟ್ಟಿದವರ ಅವರು. ಅವರಿಗೇ ಹಾಕ್ರಿ.”

“ನೀವು ಹೇಳಿದ್ದು ತಪ್ಪು ಮಾರಾಯ್ರೇ.”

“ನೀವು ಯಾವಾಗ ನಂದು ಸರಿ ಅಂದೀರಿ?”

ಮೈಕು ಚಾಲೂ ಇತ್ತು. ಇಡೀ ಸಭೆಗೆ ಕೇಳಿಸಿತು. ಪಕ್ಕದಲ್ಲಿ ಕುಣಿಯಲು ತಯಾರಾಗಿ ನಿಂತ ಮಕ್ಕಳ ಮುಖದ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಅಧ್ಯಕ್ಷರು ಸುತ್ತ ನೋಡಿದರು. ಫೋಟೋ ತೆಗೆಯಲೆಂದು ವೇದಿಕೆಯ ಅಂಚಿಗೆ ಬಂದಿದ್ದ ನನ್ನನ್ನು ಕೈಹಿಡಿದು ಮೇಲೆಳೆದು, ಶಾಲನ್ನು ನನ್ನ ಹೆಗಲ ಮೇಲೆ ಹಾಕಿ, “ಮುಗೀತು! ಹುಡುಗ್ರನ್ನ ಕಳಸ್ರಿ!” ಎಂದು ಕೂಗಿದರು. ಚಪ್ಪಾಳೆ ಬಿತ್ತು. ಯಾತಕ್ಕೆಂದು ಮುಂದಿನ ಸಾಲಿನವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಗುಂಪುಗಳು ಮತ್ತೆ ಒಂದಾಗಲಿಲ್ಲ. ಆದರೆ ಆ ಸಂಜೆ ಕಾರ್ಯಕ್ರಮ ಮುಗಿದ ಮೇಲೆ ಕೊಪ್ಪಳದವರನ್ನು ಬಸ್ಸು ಹತ್ತಿಸಲು ನಾವು ಮೂವರೂ ನಡೆದು ಹೋದೆವು. ನಿಲ್ದಾಣದಲ್ಲಿ ಅವರಿಬ್ಬರಿಗೆ ಬೆರಳಚ್ಚಿನ ಕೀಲಿಗಳ ಮೇಲೆ ‘ಋ’ ಎಲ್ಲಿರಬೇಕೆಂಬ ಮಾತು ಬಂತು. ಬಸ್ಸು ಬಂತು, ಹೋಯಿತು. ಅದರ ಹಿಂದಿನದೂ ಬಂತು. ಕಂಡಕ್ಟರು ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ಕೂಗಿದ. ಇಬ್ಬರೂ ತಿರುಗಿ ನೋಡಲಿಲ್ಲ. ನಾನು ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡು ಕೊಂಡಾಪುರದ ಬಸ್ಸು ಹತ್ತಿದೆ.