ತಂಗಿಯ ಎದುರು ಹೇಳದ ಮಾತು

ನನ್ನ ಗಂಡ ಮೆಟ್ಟಿಲಲ್ಲಿ ಬಿದ್ದದ್ದನ್ನು ನೆನೆದರೆ ಈಗಲೂ ಮೊದಲು ಹೆದರಿಕೆ, ಆಮೇಲೆ ಸಿಟ್ಟು ಬರುತ್ತದೆ.

ಇವರಿಗೆ ಪ್ರೋಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಸರಿಯಾಗಿ ಹೋಗುತ್ತಿರಲಿಲ್ಲ. ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಮಾತ್ರೆ ಕೊಟ್ಟರು. ಇವರ ತಂಗಿ ಅಲ್ಲಿ ನರ್ಸ್. ಒಳಗೆ ಕೆಲಸ ಮಾಡುವ ಸಂಬಂಧಿಕರಿದ್ದರೆ ಅವರನ್ನು ಜತೆಗಿಟ್ಟುಕೊಂಡೇ ಡಾಕ್ಟರ ಹತ್ತಿರ ಹೋಗುವುದು ನಮ್ಮಲ್ಲಿ ರೂಢಿ, ಟೋಕನ್ನಿಗೆ ಕಾಯಬೇಕಾಗಿಲ್ಲ. ಹಾಗಾಗಿ ಪ್ರತಿ ಸಲವೂ ನಾದಿನಿ ಕುರ್ಚಿಯ ಹಿಂದೆ ನಿಂತಿರುತ್ತಿದ್ದಳು. ಪ್ರತಿ ಸಲವೂ ಇವರು ಮೂತ್ರದ ವಿಷಯವಷ್ಟೇ ಹೇಳಿ ಎದ್ದು ಬರುತ್ತಿದ್ದರು.

ಮಾತ್ರೆ ಶುರುವಾದ ಮೇಲೆ ಸಂಭೋಗದ ಕೊನೆಗೆ ವೀರ್ಯವೇ ಬರುತ್ತಿರಲಿಲ್ಲ. ತನ್ನ ಕಥೆ ಮುಗಿಯಿತೆಂದು ಇವರು ಕುಗ್ಗಿದರು. ಡಾಕ್ಟರಲ್ಲಿ ಕೇಳಿ ಎಂದರೆ, "ತಂಗಿ ಎದುರು ಎಂತ ಕೇಳುವುದು ಮಾರಾಯ್ತಿ" ಎಂದರು. ಬದಲಿಗೆ ದುಬೈಯಿಂದ ರಜೆಗೆ ಬಂದ ಸ್ನೇಹಿತನಲ್ಲಿ ಕೇಳಿದರು. ಅವನು ಖರ್ಜೂರದ ಜತೆ ಕೊಟ್ಟ, ಗಂಡಸರ ಶಕ್ತಿಯ ಮಾತ್ರೆಯ ಸುದ್ದಿ ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಊಟ ಮುಗಿಸಿ ಮಲಗಿದ್ದೆವು. ಟ್ಯಾಂಕ್ ತುಂಬಿ ನೀರು ಅಂಗಳಕ್ಕೆ ಸುರಿಯುವ ಸದ್ದು ಕೇಳಿ ಇವರು ತಟ್ಟನೆ ಎದ್ದು ಪಂಪ್ ನಿಲ್ಲಿಸಲು ಹೊರಟರು. ಮೆಟ್ಟಿಲಿಳಿಯುವಾಗ ಮುಖ ಬಿಳಿಚಿಕೊಂಡು, ಕೈ ಗಾಳಿಯಲ್ಲಿ ಆಸರೆ ಹುಡುಕಿ, ಹಿಂದೆಯೇ ಎದ್ದು ಬಂದ ನನ್ನ ಕಣ್ಣೆದುರೇ ಉರುಳಿದರು. ತಲೆ ಗ್ರಾನೈಟಿನ ಅಂಚಿಗೆ ತಾಗದೆ ಉಳಿದದ್ದು ಒಂದು ಗೇಣಿನಲ್ಲಿ. ಆ ಗೇಣನ್ನು ನಾನು ಇನ್ನೂ ಅಳೆಯುತ್ತಿದ್ದೇನೆ.

ಅದೇ ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ನೋಡಿದರೆ ಬಿ.ಪಿ. ತೀರಾ ಇಳಿದಿತ್ತು. ಬೇರೆ ಮಾತ್ರೆ ಏನಾದರೂ ತೆಗೆದುಕೊಂಡಿದ್ದೀರಾ ಎಂದು ಮೊದಲು ಮಾತ್ರೆ ಬರೆದುಕೊಟ್ಟ ಡಾಕ್ಟರೇ ಬಂದು ಮತ್ತೆ ಮತ್ತೆ ಕೇಳಿದರು. ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಮನುಷ್ಯ ಪಕ್ಕದಲ್ಲೇ ನಿಂತಿದ್ದ ತಂಗಿಯ ಮುಖ ನೋಡಿ ಇಲ್ಲವೆಂದರು. ನನಗೆ ಏನೋ ಅನುಮಾನ. ನಾದಿನಿಯನ್ನು ಚಾ ತರಲು ಕಳಿಸಿದೆ. ಅವಳು ಪರದೆ ದಾಟುವುದೇ ತಡ, ಆ ಮಧ್ಯಾಹ್ನ ಸ್ನೇಹಿತನ ಮಾತ್ರೆ ನುಂಗಿದ್ದೂ ಸೇರಿ ಎಲ್ಲ ಹೊರಬಂತು.

ಎರಡು ಮಾತ್ರೆಗಳೂ ಸೇರಿ ಬಿ.ಪಿ. ಇಳಿಸಿವೆ ಎಂದರು ಡಾಕ್ಟರು. ಪ್ರೋಸ್ಟೇಟಿನ ಈ ಮಾತ್ರೆಯಿಂದ ಕೆಲವರಿಗೆ ವೀರ್ಯ ಕಡಿಮೆಯಾಗುತ್ತದೆ, ಇಲ್ಲವೇ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ಅದರಿಂದ ಅಪಾಯವಿಲ್ಲ, ಮಾತ್ರೆ ಬದಲಿಸಿದರೆ ಸರಿಹೋಗಬಹುದು. ಇನ್ನೊಂದು ಬಗೆಯ ಮಾತ್ರೆ ಆಸೆಯನ್ನೇ ತಗ್ಗಿಸಬಹುದು. ಆಪರೇಷನ್ ಆದರೆ ವೀರ್ಯ ಹೊರಬಾರದಿರುವುದು ಹೆಚ್ಚಾಗಿ ಹಾಗೆಯೇ ಉಳಿಯುತ್ತದೆ. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂದೆ. ನೀವು ಕೇಳಲಿಲ್ಲವಲ್ಲ ಎಂದರು. ಈ ಡಾಕ್ಟರೂ ನನ್ನ ಗಂಡನೂ ಸರಿಯಾದ ಜೋಡಿ.

ಅಷ್ಟರಲ್ಲಿ ಚಾ ಬಂತು. ಏನೋ ಕೇಳುತ್ತಿದ್ದ ಇವರು ಅರ್ಧದಲ್ಲೇ ಬಾಯಿ ಮುಚ್ಚಿದರು. ಉಳಿದರ್ಧ ನಾನೇ ಕೇಳಿದೆ: "ಗಂಡ ಹೆಂಡತಿಗೆ ಇಂಥ ತೊಂದರೆ ಕಡಿಮೆ ಇರುವ ಮಾತ್ರೆ ಯಾವುದುಂಟು ಡಾಕ್ಟ್ರೇ?"

ನಾದಿನಿ ಲೋಟ ಕೆಳಗಿಟ್ಟಳು. "ಇದನ್ನಾ ಅಣ್ಣ ನೀನು ಅಡಗಿಸಿದ್ದು? ನಮ್ಮ ವಾರ್ಡಿನಲ್ಲಿ ಅಜ್ಜಂದಿರು ಮೊದಲು ಕೇಳುವುದೇ ಇದು."

ಇವರು ಗೋಡೆಯ ಕಡೆ ಹೊರಳಿದರು. ಭುಜ ಹಿಡಿದು ಡಾಕ್ಟರ ಕಡೆಗೆ ತಿರುಗಿಸಿದೆ.