ಸರಳಕ್ಕನ ಲೈನು

ಅಲ್ಲಾಳಸಂದ್ರದಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಕೆಳಗೆ ರಸ್ತೆಗೆ ಬಾಗಿಲಿದ್ದ ಒಂದು ಸಣ್ಣ ರೂಮಿತ್ತು. ಅದರ ಗಾಜಿನ ಮೇಲೆ ಎಸ್.ಟಿ.ಡಿ. ಬೂತಿನ ಹಳದಿ ಅಕ್ಷರಗಳು ಅರ್ಧಂಬರ್ಧ ಉಳಿದಿದ್ದವು. ಎಲ್ಲರ ಕೈಗೂ ಮೊಬೈಲ್ ಬಂದು ಬೂತು ನಿಂತು ವರ್ಷಗಳೇ ಆಗಿದ್ದರೂ ಮನೆ ಓನರ್ ದೊಡ್ಡಮುನಿಯಪ್ಪನವರ ಸೊಸೆ ಸರಳಕ್ಕ ಆ ರೂಮನ್ನು ಬಿಟ್ಟುಕೊಟ್ಟಿರಲಿಲ್ಲ. ಬೆಳಿಗ್ಗೆ ಶಟರ್ ಎತ್ತಿ, ನೆಲ ಒರೆಸಿ, ಬಾರದ ಕರೆಗಳಿಗಾಗಿ ಫೋನಿನ ಧೂಳು ಹೊಡೆದು ಕೂರುತ್ತಿದ್ದರು.

"ಆ ರೂಮ್ನ ಯಾರಿಗಾನ ಅಂಗ್ಡಿಗೆ ಕೊಟ್ಬುಡು ಅಂತ ಎಷ್ಟ್ ಸಲ ಯೋಳ್ಬೇಕವ್ವಾ? ಸುಮ್ಕೆ ಬಿಲ್ಲು ಕಟ್ಕಂಡು!" ಎಂದು ದೊಡ್ಡಮುನಿಯಪ್ಪನವರು ಜಗಲಿಯಿಂದಲೇ ಗೊಣಗುವರು.

"ಕೊಡಲ್ಲ ಮಾವ. ನಿಮ್ಮ ಜಮೀನು ನಿಮ್ಮ ಮಕ್ಕಳ ಹೆಸ್ರಲ್ಲಿದೆ, ಮನೆ ನಿಮ್ಮ ಹೆಸ್ರಲ್ಲಿದೆ. ನನ್ನ ಹೆಸ್ರಲ್ಲಿರೋದು ಈ ಲೈನ್ ಒಂದೇ" ಎನ್ನುವರು ಸರಳಕ್ಕ.

ಜಗಳದ ಮಾತಲ್ಲ ಅದು. ನಿಜವನ್ನು ನಿಜದ ಹಾಗೆ ಹೇಳುತ್ತಿದ್ದರು ಅಷ್ಟೇ. ಅವರ ಗಂಡ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದರು, ಮನೆಯ ವ್ಯವಹಾರಕ್ಕೆ ತಲೆ ಹಾಕುತ್ತಿರಲಿಲ್ಲ.

ನಾನು ಆಗ ಗದಗಿನಿಂದ ಹೊಸದಾಗಿ ಬಂದವಳು. ಗಂಡ ಸಿದ್ದಲಿಂಗನಿಗೆ ಯಲಹಂಕದ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ. ಮಗಳು ಇಂಚರ ಇನ್ನೂ ಎದೆಹಾಲಿನ ಕೂಸು. ನಾನು ಬಿ.ಕಾಂ. ಓದಿದ್ದೆ, ಆದರೆ ಆ ಕೂಸನ್ನು ಯಾರ ಕೈಗೆ ಕೊಟ್ಟು ಯಾವ ಆಫೀಸಿಗೆ ಹೋಗಲಿ? ಮಧ್ಯಾಹ್ನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಆ ರೂಮಿಗೆ ಇಳಿದು ಬಂದರೆ ಸರಳಕ್ಕ ಸ್ಟೂಲು ಎಳೆದು ಕೊಡುತ್ತಿದ್ದರು. ಹಾಗೆ ಕೂತ ಒಂದು ಮಧ್ಯಾಹ್ನವೇ ಅವರು ನನಗೆ ತಮ್ಮ ಯೋಚನೆ ಹೇಳಿದ್ದು.

ಅಟ್ಟೂರಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಡಾಕ್ಟರು ಇವರ ಬಾಯಿಗೆ ಹತ್ತಿ ತುರುಕಿ ಕೊರೆಯಲು ಶುರು ಮಾಡಿದಾಗೆಲ್ಲ ಫೋನು ಹೊಡೆದುಕೊಳ್ಳುವುದು, ಅವರು ಎದ್ದು ಹೋಗಿ ಅಪಾಯಿಂಟ್‌ಮೆಂಟ್ ಬರೆದುಕೊಂಡು ಬರುವುದು.

"ಬಾಯಿ ತೆರ್ಕೊಂಡೇ ಯೋಚ್ನೆ ಮಾಡ್ದೆ ಕಣೇ ರಕ್ಷಾ. ಇವ್ರ ಫೋನ್ ನನ್ ಲೈನಿಗೆ ತಿರುಗ್ಸಿದ್ರೆ ನಾನ್ ಎತ್ತಲ್ವಾ? ಫೋನ್ ಎತ್ತಿ ಮಾತಾಡೋದು ಬಿಟ್ರೆ ನಂಗೆ ಇನ್ನೇನ್ ಬರುತ್ತೆ?"

ಒಬ್ಬ ಡಾಕ್ಟರಿಂದ ಶುರುವಾಗಿದ್ದು ಬೇಗ ಬೆಳೆಯಿತು. ಮಕ್ಕಳ ಡಾಕ್ಟರು, ಕಣ್ಣಿನ ಡಾಕ್ಟರು, ರಕ್ತ ಪರೀಕ್ಷೆಯ ಲ್ಯಾಬಿನವರು ಎಲ್ಲರೂ ತಮ್ಮ ಫೋನನ್ನು ಸರಳಕ್ಕನ ಲೈನಿಗೆ ತಿರುಗಿಸಿದರು. ಸರಳಕ್ಕ ಇನ್ನೂ ಮೂರು ಲೈನು ಹಾಕಿಸಿಕೊಂಡರು. ಒಬ್ಬರಿಂದ ಎಲ್ಲವನ್ನೂ ಎತ್ತಲು ಆಗುತ್ತಿರಲಿಲ್ಲ. ರೂಮಿನಲ್ಲೋ ಇನ್ನೊಂದು ಕುರ್ಚಿಗೂ ಜಾಗವಿರಲಿಲ್ಲ. ಆಗ ಸರಳಕ್ಕ ಕೇಳಿದ್ದಕ್ಕೆ ಅವರ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಆರ್.ಟಿ. ನಗರದ ಗಯಾಸ್ ಒಂದು ಪೆಟ್ಟಿಗೆ ತಂದು ಕೂರಿಸಿದ. ನೋಡಲು ಟಿಫನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಫೋನಿನ ತಂತಿಯಲ್ಲಿ ಬಂದ ಕರೆಯನ್ನು ಅದು ಇಂಟರ್ನೆಟ್ಟಿಗೆ ದಾಟಿಸುತ್ತಿತ್ತು. ಆಮೇಲೆ ಆ ಕರೆಯನ್ನು ಯಾರು ಎಲ್ಲಿ ಬೇಕಾದರೂ ಕಂಪ್ಯೂಟರಿನಲ್ಲಿ ಎತ್ತಬಹುದಿತ್ತು.

ಎತ್ತುವವರು ನಾವಾದೆವು. ಮಹಡಿಯ ಮೇಲೆ ನಾನು, ಆರ್.ಟಿ. ನಗರದಲ್ಲಿ ಗಯಾಸನ ಹೆಂಡತಿ ರೆಹಾನಾ, ಶೆಟ್ಟಿಹಳ್ಳಿಯಲ್ಲಿ ಇನ್ನಿಬ್ಬರು. ಎಲ್ಲರೂ ಕೈಗೂಸಿನ ತಾಯಂದಿರೇ, ಸರಳಕ್ಕ ಹುಡುಕಿ ಹುಡುಕಿ ಅಂಥವರನ್ನೇ ಸೇರಿಸಿದ್ದರು. ಕಂಪ್ಯೂಟರಿನ ಪರದೆಯಲ್ಲಿ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಮಗು ಮಲಗಿದರೆ ಹಸಿರು ಒತ್ತಬೇಕು, ಕರೆ ನಮಗೆ ಬರುತ್ತದೆ. ಮಗು ಎದ್ದರೆ ಕೆಂಪು, ಕರೆ ಇನ್ನೊಬ್ಬಳಿಗೆ ಹೋಗುತ್ತದೆ. ನಮಗೆ ಶಿಫ್ಟು ಅಂತ ಇರಲಿಲ್ಲ, ನಮ್ಮ ಮಕ್ಕಳ ನಿದ್ದೆಯೇ ಶಿಫ್ಟು. ಒಮ್ಮೆ ನಾಲ್ಕೂ ಮಕ್ಕಳು ಒಟ್ಟಿಗೆ ಎದ್ದು ನಾಲ್ಕೂ ಗುಂಡಿ ಕೆಂಪಾದಾಗ ಸರಳಕ್ಕ ಕೆಳಗಿನಿಂದ ಕೂಗಿದ್ದರು: "ಏನ್ರೇ, ನಿಮ್ ಮಕ್ಳು ಯೂನಿಯನ್ ಮಾಡ್ಕೊಂಡವ್ರಾ?"

ನನ್ನ ಮಾತು ಕೇಳಿ ಮೊದಮೊದಲು ರೋಗಿಗಳು ಗಲಿಬಿಲಿಗೊಳ್ಳುತ್ತಿದ್ದರು. "ಡಾಕ್ಟರು ಸಂಜೀಕ ಐದಕ್ಕ ಬರ್ತಾರ್ರೀ, ಬರ್ರೀ" ಎಂದರೆ ಆಚೆಯಿಂದ ಒಬ್ಬರು, "ಅಮ್ಮಾ, ನಾನು ಅಟ್ಟೂರು ಕ್ಲಿನಿಕ್ಕಿಗೆ ಮಾಡಿದ್ದು. ಹುಬ್ಬಳ್ಳಿಗೆ ಹೋಯ್ತಾ?" ಎಂದು ಕೇಳಿದ್ದರು. ಆದರೂ ಎರಡನೇ ಸಲಕ್ಕೆ ಅವರೇ "ಹುಬ್ಬಳ್ಳಿ ಮೇಡಂ ಇದ್ದಾರಾ?" ಎನ್ನತೊಡಗಿದರು. ತಿಂಗಳ ಕೊನೆಗೆ ಸರಳಕ್ಕ ಕೈಗಿಟ್ಟ ದುಡ್ಡಲ್ಲಿ ಮಗಳಿಗೆ ಸೊಳ್ಳೆ ಪರದೆ ಕೊಂಡೆ. ನಾನು ದುಡಿದು ತಂದ ಮೊದಲ ವಸ್ತು ಅದು. ಅವತ್ತು ಅದರೊಳಗೆ ಅವಳ ಪಕ್ಕ ನಾನೂ ನುಸುಳಿ ಮಲಗಿದ್ದೆ.

೨೦೧೫ರ ಆಯುಧಪೂಜೆ ಬಂತು. ಬೂತಿನ ಕಾಲದಿಂದಲೂ ಆ ದಿನ ಸರಳಕ್ಕ ಟೆಲಿಫೋನ್ ಎಕ್ಸ್‌ಚೇಂಜಿನವರನ್ನು ಪೂಜೆಗೆ ಕರೆಯುವುದು ರೂಢಿ. ಅವರಿಗೆ ಹಣ್ಣು, ಕಡಲೆಪುರಿ, ಸ್ವೀಟು ಕೊಡದೆ ಇವರ ಹಬ್ಬ ಮುಗಿಯುತ್ತಿರಲಿಲ್ಲ. ಲೈನು ಕೊಟ್ಟವರು ಅವರಲ್ಲವೇ? ಆ ವರ್ಷವೂ ಕರೆದರು. ಫೋನುಗಳನ್ನೆಲ್ಲ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಎಲ್ಲಕ್ಕೂ ನಡುವೆ ಮಣೆಯ ಮೇಲೆ ಗಯಾಸ್ ತಂದ ಪೆಟ್ಟಿಗೆಯನ್ನಿಟ್ಟು ಚೆಂಡುಹೂವಿನ ಹಾರ ಹಾಕಿದರು. ಬಾಗಿಲಲ್ಲಿ ಬೂದುಗುಂಬಳ ಒಡೆದರು.

ಲೈನ್‌ಮನ್ ಚಿಕ್ಕಮಾರಯ್ಯ ಹಳೆಯ ಪರಿಚಯ. ಅವನ ಜೊತೆ ಎಕ್ಸ್‌ಚೇಂಜಿಗೆ ಹೊಸದಾಗಿ ಬಂದಿದ್ದ ಇಂಜಿನಿಯರ್ ನಂದಕುಮಾರ್ ಬಂದಿದ್ದರು. ಇನ್ನೂ ಚಿಕ್ಕ ವಯಸ್ಸು. ಕಡಲೆಪುರಿಯ ಪೊಟ್ಟಣ ಹಿಡಿದುಕೊಂಡು ಹಾರದ ಕಡೆ ಬಗ್ಗಿದರು.

"ಇದೇನಮ್ಮಾ, ನಡುವೆ ಇರೋದು?"

ಸರಳಕ್ಕನ ಮುಖ ಅರಳಿತು. ಬಂದವರೆಲ್ಲ ಫೋನಿಗೆ ಕೈಮುಗಿದು ಹೋಗಿದ್ದರು, ಇದನ್ನು ಕೇಳಿದವರು ಇವರೇ ಮೊದಲು. ಎಲ್ಲವನ್ನೂ ಹೇಳಿದರು. ಹೇಳಿದ್ದು ಸಾಲದೆಂದು ತಮ್ಮ ಮೊಬೈಲಿನಿಂದ ಲ್ಯಾಂಡ್‌ಲೈನಿಗೆ ಕರೆ ಮಾಡಿ, "ಈಗ ಮೇಲ್ಗಡೆ ರಕ್ಷಾ ಎತ್ತುತ್ತಾಳೆ ನೋಡಿ ಸಾರ್" ಎಂದರು. ನಾನು ಮಹಡಿಯಿಂದ, "ಹೇಳ್ರೀ, ಯಾವ ಡಾಕ್ಟರು ಬೇಕಾಗಿತ್ತು?" ಎಂದೆ. ಕೆಳಗೆ ಎಲ್ಲರೂ ನಕ್ಕಿದ್ದು ನನಗೆ ಕೇಳಿಸಿತು.

ನಂದಕುಮಾರ್ ನಗಲಿಲ್ಲವಂತೆ. "ಫೋನ್ ಲೈನಿನ ಕಾಲ್‌ನ ಇಂಟರ್ನೆಟ್ಟಿಗೆ ಹಾಕೋದಕ್ಕೆ ನಿಮಗೆ ಲೈಸೆನ್ಸ್ ಇದ್ಯಾ?" ಎಂದು ಕೇಳಿದರಂತೆ.

"ಬಿಲ್ಲು ಒಂದು ತಿಂಗ್ಳೂ ತಪ್ಪಿಲ್ಲ ಸಾರ್. ಫೋನ್ ಬಿಲ್ಲೂ ಕಟ್ತೀನಿ, ಇಂಟರ್ನೆಟ್ ಬಿಲ್ಲೂ ಕಟ್ತೀನಿ."

"ಬಿಲ್ಲಿನ ಮಾತಲ್ಲಮ್ಮ. ಇದನ್ನ ಮಾಡೋಕೆ ಟೆಲಿಫೋನ್ ಕಂಪನಿಗೆ ಮಾತ್ರ ಪರ್ಮಿಷನ್ ಇರೋದು." ಪೊಟ್ಟಣವನ್ನು ಮೇಜಿನ ಮೇಲಿಟ್ಟರು. "ನೀವು ನನಗ್ಯಾಕೆ ತೋರಿಸಿದ್ರಿ? ನೋಡಿದ ಮೇಲೆ ನಾನು ಸುಮ್ನಿದ್ರೆ ನನ್ನ ಕೆಲ್ಸ ಹೋಗುತ್ತೆ."

ಚಿಕ್ಕಮಾರಯ್ಯ ಮಧ್ಯೆ ಬಂದ. "ಬುಡಿ ಸಾ, ಅಬ್ಬದ ದಿನ. ನಮ್ ಸರಳಮ್ಮ, ಗೊತ್ತಿಲ್ದೆ ಮಾಡವ್ರೆ."

"ಅಪ್ಪಾ, ಗೊತ್ತಿಲ್ದೆ ಮಾಡಿದ್ರೂ ಬಾಕ್ಸ್ ಬಾಕ್ಸೇ."

ಅವತ್ತೇ ಪೆಟ್ಟಿಗೆ ತೆಗೆದುಬಿಟ್ಟಿದ್ದರೆ ಏನಾಗುತ್ತಿತ್ತೋ. ಸರಳಕ್ಕ ತೆಗೆಯಲಿಲ್ಲ. ಪರ್ಮಿಷನ್ ಬೇಕಾದರೆ ತಗೊಂಡರಾಯಿತು ಎಂದು ಮಾರನೇ ವಾರ ಒಳ್ಳೆ ಸೀರೆ ಉಟ್ಟು ಟೆಲಿಕಾಂ ಇಲಾಖೆಯ ದೊಡ್ಡ ಆಫೀಸಿಗೆ ಹೋದರು. ಸಂಜೆ ವಾಪಸು ಬಂದು ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತರು.

"ಏನಂದ್ರು ಅಕ್ಕಾ?"

"ಮೊದ್ಲು ನಾನು ಕಂಪನಿ ಆಗ್ಬೇಕಂತೆ. ಆಮೇಲೆ ರಿಜಿಸ್ಟರ್ ಮಾಡಿಸ್ಬೇಕಂತೆ. ಆದ್ರೂ ಎಲ್ರೂ ಒಂದೇ ಆಫೀಸಲ್ಲಿ ಕೂತು ಮಾಡ್ಬೇಕು. ಹೆಂಗಸ್ರು ಮನೇಲಿ ಕೂತು ಫೋನ್ ಎತ್ಬೇಕು ಅಂದ್ರೆ ಸರ್ಕಾರಕ್ಕೆ ಒಂದು ಕೋಟಿ ಗ್ಯಾರಂಟಿ ಕೊಡ್ಬೇಕಂತೆ."

"ಒಂದು ಕೋಟಿ? ಯಾತಕ್ರೀ?"

"ನೀವು ಮನೇಲಿ ಕೂತು ಏನಾದ್ರೂ ಮಾಡಿಬಿಟ್ರೆ ಅಂತ." ಇಂಚರ ಅವರ ಮಡಿಲಿಗೆ ಹತ್ತಿ ಬಳೆ ಎಳೆಯುತ್ತಿದ್ದಳು. "ಇವಳ ಕಡೆಯಿಂದ ದೇಶಕ್ಕೆ ಅಪಾಯ ಇದೆ ನೋಡು" ಎಂದು ಅವಳ ಗಲ್ಲ ಹಿಂಡಿದರು. ನಗು ಅವರ ಬಾಯಿಗೆ ಬಂತು, ಕಣ್ಣಿಗೆ ಬರಲಿಲ್ಲ.

ಇಲಾಖೆಯವರು ಪೊಲೀಸರ ಜೊತೆ ಬಂದದ್ದು ದೀಪಾವಳಿಗೆ ಮುಂಚೆ. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಸೀಲು ಹಾಕಿ ತೆಗೆದುಕೊಂಡು ಹೋದರು. ಅದರ ಮೇಲಿನ ಕುಂಕುಮ ಇನ್ನೂ ಹೋಗಿರಲಿಲ್ಲ. ಫೋನುಗಳ ಲೈನನ್ನು ಅಲ್ಲೇ ಕತ್ತರಿಸಿದರು.

ಆ ಸಂಜೆ ಕ್ಲಿನಿಕ್ಕುಗಳ ಫೋನು ಯಾರೂ ಎತ್ತಲಿಲ್ಲ. ಡಾಕ್ಟರುಗಳು ಒಬ್ಬೊಬ್ಬರಾಗಿ ಬಂದು ಬೈದರು. ಸ್ಟೇಷನ್ನಿಗೆ ಕರೆದಾಗ ಅದೇ ಡಾಕ್ಟರುಗಳು, ಆ ಹೆಂಗಸು ನಮ್ಮ ಕರೆಗಳನ್ನು ಏನು ಮಾಡುತ್ತಿದ್ದಳೆಂದು ನಮಗೆ ತಿಳಿಯದು ಎಂದು ಹೇಳಿಕೆ ಕೊಟ್ಟರು. ಮಕ್ಕಳ ಡಾಕ್ಟರೊಬ್ಬರು ಹಿಂದಿನ ತಿಂಗಳಷ್ಟೇ ನನ್ನ ಹತ್ತಿರ, "ನಿಮ್ಮ ಮಗು ಅಳ್ತಿದ್ಯಲ್ಲಾ, ಹೊಟ್ಟೆನೋವಾ? ಕರ್ಕೊಂಡ್ ಬನ್ನಿ" ಎಂದಿದ್ದರು. ನಮ್ಮ ಮನೆಯಲ್ಲಿ ಕೂತು ನಾನು ಮಾತಾಡುವುದು ಅವರಿಗೆ ತಿಳಿಯದಂತೆ.

ಬೀದಿಯಲ್ಲಿ ಕತೆ ಬೆಳೆಯಿತು. ಹೊರದೇಶದ ಕರೆಗಳನ್ನು ಕದ್ದು ತಿರುಗಿಸುತ್ತಿದ್ದರಂತೆ. ಆರ್.ಟಿ. ನಗರದಲ್ಲಿ ಇವರ ಕಡೆಯವರು ಇದ್ದಾರಂತೆ. ಯಾರು? ರೆಹಾನಾ. ಹಾಲು ಕುಡಿಸುತ್ತಾ ಕಣ್ಣಿನ ಡಾಕ್ಟರ ಟೈಮು ಹೇಳುತ್ತಿದ್ದ ಹುಡುಗಿ.

ಸ್ಟೇಷನ್ನಿನಲ್ಲಿ ಸರಳಕ್ಕನಿಗೆ ಒಂದು ದಾರಿ ತೋರಿಸಿದರು. "ಬಾಕ್ಸ್ ತಂದು ಹಾಕಿದ್ದು ಆ ಗಯಾಸ್ ತಾನೇ? ಅವನೇ ನಿಮಗೆ ಮೋಸ ಮಾಡಿ ಹಾಕ್ದ ಅಂತ ಬರೆದುಕೊಡಿ. ನೀವು ಸಾಕ್ಷಿ ಆಗ್ತೀರಿ, ಕೇಸ್ ಅವನ ಮೇಲೆ ಹೋಗುತ್ತೆ."

ದೊಡ್ಡಮುನಿಯಪ್ಪನವರು ಪಕ್ಕದಲ್ಲೇ ನಿಂತಿದ್ದರು. "ಬರ್ಕೊಡವ್ವಾ. ಮನೆ ಮರ್ವಾದೆ ಉಳೀತದೆ."

"ಮೋಸ ಮಾಡ್ಲಿಲ್ವಲ್ಲ ಮಾವ. ನಾನ್ ಕೇಳ್ದೆ, ಅವ್ನ್ ತಂದ. ಲೈನು ನಂದು, ಪೆಟ್ಗೇನೂ ನಂದೇ" ಎಂದರಂತೆ ಸರಳಕ್ಕ.

ಕೇಸು ಅವರ ಮೇಲೇ ಬಂತು. ಗಯಾಸ್ ಉಳಿದುಕೊಂಡ. ಆದರೆ ಆಮೇಲೆ ಅವನು ಈ ಕಡೆ ತಲೆ ಹಾಕಲಿಲ್ಲ. ರೆಹಾನಾಳ ನಂಬರು ಬದಲಾಯಿತು. ಹೆದರಿದ್ದರು, ಅವರನ್ನು ಏನನ್ನಲಿ?

ನಾವು ಹೆಂಗಸರು ಚದುರಿದೆವು. ನಾನು ಸುಮಾರು ಮೂರು ವರ್ಷ ಮನೆಯಲ್ಲೇ ಉಳಿದೆ. ಸರಳಕ್ಕ ಮಾತ್ರ ಪ್ರತಿ ತಾರೀಖಿಗೂ ಕೋರ್ಟಿಗೆ ಹೋಗಿ ಬರುತ್ತಿದ್ದರು. ಲಾಯರು ಬೇಗ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿ ಎಂದರೂ ಕೇಳಲಿಲ್ಲ. ಗೆದ್ದರೆ ಲೈನು ವಾಪಸು ಬರುತ್ತದೆ, ಮತ್ತೆ ಎಲ್ಲರನ್ನೂ ಸೇರಿಸುತ್ತೇನೆ ಎನ್ನುವುದು ಅವರ ನಂಬಿಕೆ.

೨೦೧೮ರಲ್ಲಿ ಒಂದು ದಿನ ಪೇಪರ್ ಹಿಡಿದು ಮಹಡಿಗೆ ಓಡಿ ಬಂದರು. ಇಂಟರ್ನೆಟ್ಟಿನಿಂದ ಮಾಮೂಲಿ ಫೋನುಗಳಿಗೆ ಮಾತಾಡಲು ಸರ್ಕಾರ ಒಪ್ಪಿದೆ ಎಂದು ಅದರಲ್ಲಿತ್ತು.

"ನೋಡಿದ್ಯಾ! ನಾನ್ ಮಾಡಿದ್ದೇ ಇದು ತಾನೇ? ಇನ್ನ್ಯಾವ ಕೇಸು?"

ಇಬ್ಬರೂ ಲಾಯರ ಬಳಿ ಹೋದೆವು. ಅವರು ಕನ್ನಡಕ ಒರೆಸಿಕೊಂಡು ಓದಿದರು. "ಪರ್ಮಿಷನ್ ಲೈಸೆನ್ಸ್ ಇರೋ ಕಂಪನಿಗಳಿಗಮ್ಮ. ನಿಮ್ಮಂಥವರಿಗಲ್ಲ. ಅಲ್ದೆ ನಿಮ್ಮದು ಹಳೇ ತಪ್ಪು. ಆವತ್ತು ತಪ್ಪು ಅಂದ್ರೆ ತಪ್ಪೇ."

ಅಲ್ಲಿಂದ ಬರುವಾಗ ಹೆಬ್ಬಾಳದ ಫ್ಲೈಓವರ್ ಬಳಿ ಒಂದು ದೊಡ್ಡ ಬೋರ್ಡು ಕಂಡಿತು. ನಗುವ ತಾಯಿ, ಕಂಕುಳಲ್ಲಿ ಮಗು, ಕಿವಿಗೆ ಹೆಡ್‌ಫೋನು. ಇಂಟರ್ನೆಟ್ ಇದ್ದರೆ ಸಾಕು, ಎಲ್ಲಿಂದಲಾದರೂ ಮಾತಾಡಿ ಎಂದು ಬರೆದಿತ್ತು. ಬಸ್ಸು ಟ್ರಾಫಿಕ್ಕಿನಲ್ಲಿ ನಿಂತೇ ಇತ್ತು. ಸರಳಕ್ಕ ಆ ಬೋರ್ಡನ್ನು ನೋಡುತ್ತಲೇ ಇದ್ದರು.

ಆ ವರ್ಷವೇ ನನಗೆ ಕೆಲಸ ಸಿಕ್ಕಿತು. ಹೆಬ್ಬಾಳದ ಹತ್ತಿರ ಗಾಜಿನ ಕಟ್ಟಡ. ಆಸ್ಪತ್ರೆಗಳ ಫೋನು ಎತ್ತಿ ಅಪಾಯಿಂಟ್‌ಮೆಂಟ್ ಕೊಡುವ ಕಂಪನಿ. ಕರೆಗಳೆಲ್ಲ ಇಂಟರ್ನೆಟ್ಟಿನಲ್ಲೇ ಬರುತ್ತವೆ. ಮುಂಚೆ ಈ ಕೆಲಸ ಮಾಡಿದ್ದೀರಾ ಎಂದು ಸಂದರ್ಶನದಲ್ಲಿ ಕೇಳಿದರು. ಇಲ್ಲವೆಂದೆ. ಮಾಡಿದ್ದೇನೆ ಎಂದರೆ ಎಲ್ಲಿ ಎಂದು ಕೇಳುತ್ತಿದ್ದರು.

ಮರುವರ್ಷ ಸರಳಕ್ಕ ಸೋತರು. ಮಾವ ಇನ್ನು ಲಾಯರ ಫೀಸು ಕೊಡುವುದಿಲ್ಲ ಎಂದುಬಿಟ್ಟಿದ್ದರು. ತಪ್ಪೊಪ್ಪಿಕೊಳ್ಳುವ ದಿನ ನಾನೂ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಜಡ್ಜು ತಲೆ ಎತ್ತದೆ ಕೇಳಿದರು, "ತಪ್ಪು ಒಪ್ಕೋತೀರಾಮ್ಮಾ?"

"ಯಾವುದು ತಪ್ಪು ಅಂತ ಒಂದ್ಸಲ ಹೇಳಿ ಸ್ವಾಮಿ, ಒಪ್ಕೋತೀನಿ."

ಹಿಂದೆ ಯಾರೋ ನಕ್ಕರು. ಲಾಯರು ಇವರ ತೋಳು ಜಗ್ಗಿದರು. ಸರಳಕ್ಕ ಸೆರಗು ಹೊದ್ದುಕೊಂಡು, "ಒಪ್ಕೊಂಡೆ" ಎಂದರು. ದಂಡ ಹಾಕಿದರು. ಪೆಟ್ಟಿಗೆ ಸರ್ಕಾರಕ್ಕೆ ಜಪ್ತಿ.

ಹೊರಗೆ ಬಂದು ಹೊಂಗೆ ಮರದ ನೆರಳಿಗೆ ನಿಂತೆವು. ನನಗೆ ಮಧ್ಯಾಹ್ನದ ಶಿಫ್ಟಿಗೆ ಹೊತ್ತಾಗುತ್ತಿತ್ತು.

"ನಿಮ್ ಕಂಪನೀಲಿ ಹೆಂಗಸ್ರು ಮನೇಲಿ ಕೂತು ಮಾಡ್ಬೋದಾ?" ಎಂದು ಸರಳಕ್ಕ ಕೇಳಿದರು.

"ಇಲ್ಲಕ್ಕಾ. ಅಲ್ಲೇ ಹೋಗಬೇಕ್ರೀ."

"ಸಣ್ ಮಕ್ಳಿರೋರು?"

"ಬಿಟ್ ಬರಬೇಕು. ಇಲ್ಲಾಂದ್ರ ಕೆಲಸಾನ ಬಿಡಬೇಕು. ಹೋದ ವಾರ ಒಬ್ಬಾಕಿ ಬಾಣಂತಿ ಬಾತ್‌ರೂಮಿನ್ಯಾಗ ಅಳಾಕತ್ತಿದ್ಲು. ಎದ್ಯಾಗ ಹಾಲು ಕಟ್ಟಿತ್ತು."

ಸರಳಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

"ಹಂಗಾದ್ರೆ ಅವ್ರಿಗೆ ಲೈಸೆನ್ಸ್ ಕೊಟ್ಟಿದ್ದು ಯಾವ ಘನಕಾರ್ಯಕ್ಕೆ?"

ಬಸ್ಸು ಬಂತು. "ಹೋಗೇ, ಸಂಬ್ಳ ಕಟ್ ಮಾಡ್ತಾರೆ" ಎಂದು ಅವರೇ ನನ್ನ ಬೆನ್ನಿಗೆ ಕೈ ಹಾಕಿ ಹತ್ತಿಸಿದರು. ಆ ಮಧ್ಯಾಹ್ನ ನಾನು ಎಂದಿನಂತೆ ಲಾಗಿನ್ ಆಗಿ ಮೊದಲ ಕರೆ ಎತ್ತಿದೆ. ಒಬ್ಬ ಹೆಂಗಸು ಮಕ್ಕಳ ಡಾಕ್ಟರ ಟೈಮು ಕೇಳುತ್ತಿದ್ದಳು. ಹಿಂದೆ ಮಗು ಅಳುತ್ತಿತ್ತು.